ಕೂದಲು ಪಾಚಿಗೆ ರಿಯಾಕ್ಟರ್ ಮೇಲೋ, ಸ್ಕ್ರಬ್ಬರ್ ಮೇಲೋ: ಒಂದು ಉಪ್ಪುನೀರಿನ ತೊಟ್ಟಿಯ ಅನುಭವ

ಕುವೆಂಪುನಗರದ ನಮ್ಮ ಮನೆಯ ಹಜಾರದಲ್ಲಿ ಮೂರು ಅಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿ ಬೆಳೆದ ಕೂದಲು ಪಾಚಿಯನ್ನು ಹತೋಟಿಗೆ ತರಲು ಎರಡು ವರ್ಷಗಳಲ್ಲಿ ಐದು ದಾರಿಗಳನ್ನು ಪ್ರಯತ್ನಿಸಿದ್ದೇನೆ. ಅವುಗಳಲ್ಲಿ ಅತಿ ಹೆಚ್ಚು ಹಣ ತೆತ್ತದ್ದು ಫಾಸ್ಫೇಟ್ ಹೀರುವ ರಿಯಾಕ್ಟರಿಗೆ. ಅತಿ ಕಡಿಮೆ ಖರ್ಚಾದದ್ದು ಪಾಚಿಯನ್ನು ತೊಟ್ಟಿಯ ಹೊರಗೆ ಬೆಳೆಸಿ ಕಿತ್ತೆಸೆಯಲು ನಾನೇ ಕೂರಿಸಿಕೊಂಡ ಪಾಚಿ ಸ್ಕ್ರಬ್ಬರಿಗೆ. ಇಂದು ತೊಟ್ಟಿಯ ಕೆಳಗೆ ಓಡುತ್ತಿರುವುದು ಸ್ಕ್ರಬ್ಬರ್. ಅದನ್ನು ಬಿಟ್ಟು ಮತ್ತೆ ರಿಯಾಕ್ಟರಿಗೆ ಹೋಗುವ ಯೋಚನೆ ನನಗಿಲ್ಲ.

ಹೋಲಿಕೆಗೆ ಮೊದಲು ನೀರಿನ ವಿಷಯವನ್ನು ಹೇಳಲೇಬೇಕು. ಮೈಸೂರಿನ ನಲ್ಲಿಗಳಲ್ಲಿ ಬರುವ ಕಾವೇರಿ, ಕಬಿನಿ ನೀರು ಕುಡಿಯಲು ಒಳ್ಳೆಯದಾದರೂ ಅದರಲ್ಲಿ ಕರಗಿರುವ ಸಿಲಿಕೇಟ್, ನೈಟ್ರೇಟ್, ಫಾಸ್ಫೇಟುಗಳು ಪಾಚಿಗೆ ಗೊಬ್ಬರವೇ ಸರಿ. ತೊಟ್ಟಿಯಿಂದ ಆವಿಯಾಗುವುದು ಶುದ್ಧ ನೀರು ಮಾತ್ರ. ಕರಗಿದ್ದೆಲ್ಲ ಒಳಗೇ ಉಳಿಯುವುದರಿಂದ ಏಪ್ರಿಲ್ ಬಿಸಿಲಿನಲ್ಲಿ ದಿನಕ್ಕೆ ಎರಡು ಮೂರು ಲೀಟರ್ ತುಂಬಿಸುವವರು ಪ್ರತಿದಿನ ಇಷ್ಟಿಷ್ಟೇ ಗೊಬ್ಬರ ಹಾಕಿದಂತಾಗುತ್ತದೆ. ಮನೆಯ ಆರ್‌ಒ ಯಂತ್ರದ ನೀರು ಬಳಸುತ್ತಿದ್ದೇನಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. ಆದರೆ ಕುಡಿಯುವ ನೀರಿನ ಇಂತಹ ಎಷ್ಟೋ ಯಂತ್ರಗಳಲ್ಲಿ ರುಚಿಗಾಗಿ ಆರ್‌ಒ ಪೊರೆಯನ್ನು ದಾಟದ ನೀರನ್ನೂ ಒಂದಿಷ್ಟು ಬೆರೆಸುವ ತಿರುಪು ಇರುತ್ತದೆ. ನಮ್ಮ ಯಂತ್ರದಲ್ಲಿ ಅದು ಅರ್ಧ ತೆರೆದೇ ಇತ್ತು. ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಎಂದು ತೋರಿಸುವ ಟಿಡಿಎಸ್ ಅಳೆದಾಗ 60 ಬಂತು. ತಿರುಪನ್ನು ಪೂರ್ತಿ ಮುಚ್ಚಿಸಿ, ಅದರ ಮುಂದೆ ಉಳಿದ ಲವಣಗಳನ್ನು ಹಿಡಿಯುವ ಒಂದು ಡಿಐ ರೆಸಿನ್ ಕೊಳವೆ ಜೋಡಿಸಿ ಸೊನ್ನೆಗೆ ತಂದೆ. ಇದನ್ನು ಸರಿಪಡಿಸದೆ ಮುಂದಿನ ಯಾವ ಉಪಾಯಕ್ಕೆ ಹಣ ಹಾಕಿದರೂ ಅದು ವ್ಯರ್ಥ.

ಮೂರು ದಿನ ತೊಟ್ಟಿಗೆ ಬಟ್ಟೆ ಹೊದಿಸಿ ಕತ್ತಲು ಮಾಡಿದಾಗ ಪಾಚಿ ಬಾಡಿತು, ಎರಡು ವಾರದಲ್ಲಿ ಮರಳಿತು. ಟರ್ಬೋ ಬಸವನಹುಳುಗಳು ಗಿಡ್ಡ ಪಾಚಿಯನ್ನು ಚೆನ್ನಾಗಿ ಮೇಯುತ್ತವೆ. ಒಂದಂಗುಲ ಮೀರಿ ಬೆಳೆದದ್ದನ್ನು ನಮ್ಮವು ಮೂಸಿಯೂ ನೋಡಲಿಲ್ಲ. ಕೀಟೋಮಾರ್ಫಾ ಎಂಬ ಒಳ್ಳೆಯ ಪಾಚಿಯನ್ನು ಸಂಪಿನಲ್ಲಿ ಬೆಳೆಸುವುದು ಹೆಸರಾದ ಕ್ರಮವೇ ಆದರೂ ನಮ್ಮ ಸಂಪಿನಲ್ಲಿ ಅದು ಹರಡಿಕೊಳ್ಳುವಷ್ಟು ಜಾಗವಿರಲಿಲ್ಲ. ಸಂಪ್ ಎಂದರೆ ಇಲ್ಲಿ ಅಂಗಳದ ನೀರಿನ ಸಂಪ್ ಅಲ್ಲ, ಅಕ್ವೇರಿಯಂ ಕೆಳಗಿನ ಸೋಸುವ ತೊಟ್ಟಿ. ಫ್ಲುಕೊನಜೋಲ್ ಔಷಧವನ್ನು ಲೀಟರಿಗೆ 20 ಮಿಲಿಗ್ರಾಂ ಲೆಕ್ಕದಲ್ಲಿ ಹಾಕುವವರಿದ್ದಾರೆ. ವೈದ್ಯರ ಚೀಟಿಯಿಲ್ಲದೆ ಕೊಡುವುದಿಲ್ಲವೆಂದು ಔಷಧದ ಅಂಗಡಿಯವರು ಹೇಳಿದ್ದು ಒಳ್ಳೆಯದೇ ಆಯಿತು. ಆ ಔಷಧ ಮುಖ್ಯವಾಗಿ ಗರಿಯಾಕಾರದ ಬ್ರಯಾಪ್ಸಿಸ್ ಪಾಚಿಗೆ ನಾಟುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ನಮ್ಮದರಲ್ಲಿ ಗರಿಗಳೇ ಇರಲಿಲ್ಲ.

ಇನ್ನು ರಿಯಾಕ್ಟರ್. ಕೊಳವೆಯೊಳಗೆ ಫೆರಿಕ್ ಆಕ್ಸೈಡ್ ಹರಳುಗಳಿರುತ್ತವೆ. ಕೆಳಗಿನಿಂದ ಮೇಲಕ್ಕೆ ಹರಿಯುವ ನೀರಿನಲ್ಲಿರುವ ಫಾಸ್ಫೇಟ್ ಹರಳಿಗೆ ಅಂಟಿಕೊಂಡು ಉಳಿಯುತ್ತದೆ. ಪಂಪ್ ಸೇರಿ 6,500 ರೂಪಾಯಿ ಆಯಿತು. ಹರಿವು ಹೆಚ್ಚಾದರೆ ಹರಳು ಒಂದಕ್ಕೊಂದು ಉಜ್ಜಿ ತುಕ್ಕಿನ ಬಣ್ಣದ ಪುಡಿ ತೊಟ್ಟಿಗೆ ಬರುತ್ತದೆ. ಕಡಿಮೆಯಾದರೆ ಹರಳೆಲ್ಲ ಗಟ್ಟಿಯಾಗಿ ಹೆಂಟೆಗಟ್ಟುತ್ತದೆ. ಅದನ್ನಾದರೂ ಸಹಿಸಬಹುದಿತ್ತು. 0.25 ಪಿಪಿಎಂ ಇದ್ದ ಫಾಸ್ಫೇಟ್ ಒಂಬತ್ತೇ ದಿನದಲ್ಲಿ ನನ್ನ ಪರೀಕ್ಷಾ ಕಿಟ್ಟಿಗೆ ಸಿಗದಷ್ಟು ಕೆಳಗೆ ಹೋಯಿತು, ನೈಟ್ರೇಟ್ ಮಾತ್ರ 10ರಲ್ಲೇ ನಿಂತಿತು. ಮೂರನೆಯ ವಾರ ಕೂದಲು ಪಾಚಿ ಬಿಳಿಚಿ ಉದುರಿದಾಗ ಗೆದ್ದೆನೆಂದೇ ತಿಳಿದಿದ್ದೆ. ಅದು ಬಿಟ್ಟ ಜಾಗಕ್ಕೆ ಡೈನೊಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ ಬಂದಿತು: ಗುಳ್ಳೆ ಹಿಡಿದ ಕಂದು ಲೋಳೆಯ ಎಳೆಗಳು, ರಾತ್ರಿ ಕರಗಿದಂತೆ ಕಂಡು ಮರುದಿನ ದೀಪ ಹೊತ್ತಿದೊಡನೆ ಮತ್ತೆ ಹರಡುತ್ತಿದ್ದವು. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ನಮ್ಮ ತೊಟ್ಟಿಯಲ್ಲಿರುವುದು ಜೋವಾಂಥಿಡ್, ಮಶ್ರೂಮ್‌ಗಳಂತಹ, ಹವಳದ ಬಳಗದ ಮೆದು ಜೀವಿಗಳು ಮಾತ್ರ. ಆ ಜೋವಾಂಥಿಡ್‌ಗಳು ಒಂದು ತಿಂಗಳು ಬಾಯಿ ತೆರೆಯಲಿಲ್ಲ, ನಾಲ್ಕು ಬಸವನಹುಳು ಸತ್ತವು. ಹರಳು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಸುಮಾರು 200 ಲೀಟರ್ ನೀರಿಗೆ ಮಾರಿದವರು ಹೇಳಿದ ಪೂರ್ತಿ ಅಳತೆಯನ್ನು ಮೊದಲ ದಿನವೇ ಹಾಕಿದ್ದರಿಂದ ಫಾಸ್ಫೇಟ್ ಒಮ್ಮೆಲೇ ಬತ್ತಿ ಹೀಗಾಯಿತು; ಕಾಲು ಭಾಗದಿಂದ ಶುರುಮಾಡಬೇಕಿತ್ತು.

ಸ್ಕ್ರಬ್ಬರಿನ ತತ್ವ ಇದಕ್ಕೆ ತದ್ವಿರುದ್ಧ. ತೊಟ್ಟಿಯಲ್ಲಿ ಪಾಚಿ ಬೇಡವೆಂದರೆ ಅದಕ್ಕೆ ಇನ್ನೂ ಒಳ್ಳೆಯ ಜಾಗವನ್ನು ಹೊರಗೆ ಕೊಟ್ಟು, ಅಲ್ಲಿ ಬೆಳೆದದ್ದನ್ನು ಕಿತ್ತು ಎಸೆಯುವುದು. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿ ವಾಲ್ಟರ್ ಏಡೀ ಇದನ್ನು ರೂಪಿಸಿ 1982ರಲ್ಲಿ ಪೇಟೆಂಟ್ ಪಡೆದರು. ನಮ್ಮದು ಅದರ ಸರಳ ರೂಪ: ಕಸೂತಿಗೆ ಬಳಸುವ ಪ್ಲಾಸ್ಟಿಕ್ ಕ್ಯಾನ್ವಾಸನ್ನು ಗರಗಸದ ಬ್ಲೇಡಿನಿಂದ ಚೆನ್ನಾಗಿ ಒರಟು ಮಾಡಿ, ಪಿವಿಸಿ ಪೈಪಿನ ಸೀಳಿನಲ್ಲಿ ತೂಗುಹಾಕಿ, ಅದರ ಮೇಲೆ ತೆಳ್ಳಗೆ ನೀರು ಇಳಿಯಬಿಟ್ಟು, ಎರಡೂ ಕಡೆ ಕೆಂಪು ಎಲ್‌ಇಡಿ ದೀಪ ಇಟ್ಟದ್ದು. ದಿನಕ್ಕೆ ಒಂದು ಕ್ಯೂಬ್ ಹೆಪ್ಪುಗಟ್ಟಿದ ಆಹಾರಕ್ಕೆ 12 ಚದರ ಇಂಚು ಪರದೆ ಎಂಬುದು ಹವ್ಯಾಸಿಗಳ ಲೆಕ್ಕ. ನಾನು ಎರಡು ಕ್ಯೂಬ್ ಹಾಕುವುದರಿಂದ ಆರು ಇಂಚು ಅಗಲ, ನಾಲ್ಕು ಇಂಚು ಉದ್ದ ಸಾಕಾಯಿತು. ಒಟ್ಟು 1,800 ರೂಪಾಯಿ.

ಇದರಲ್ಲಿ ನನ್ನನ್ನು ಎರಡು ತಿಂಗಳು ಕಾಡಿದ್ದು ಆ ಸೀಳು. ಪರದೆಯ ಮೇಲೆ ಮೊದಲು ಕಂದು ಲೋಳೆ, ಆಮೇಲೆ ಹಸಿರು ಬರಬೇಕು, ಹಾಗೆಯೇ ಬಂತು. ಆದರೆ ಆರನೆಯ ವಾರ ನೀರಿನ ಹಾಳೆ ನಡುವೆ ಸೀಳಿಕೊಂಡು ಎರಡು ಬೆರಳಗಲದ ಒಣಪಟ್ಟಿ ಕಾಣಿಸಿತು. ಅಲ್ಲಿನ ಪಾಚಿ ಹಳದಿಯಾಗಿ ಸತ್ತು, ಕಳಚಿ ಸಂಪಿಗೆ ಬಿದ್ದು, ಪಂಪಿನ ಬಾಯಿಗೆ ಮೆತ್ತಿಕೊಂಡಿತು. ಪರದೆ ಎಳೆದು ನೋಡಿದರೆ ಮೂರು ಮಿಲಿಮೀಟರ್ ಸೀಳಿನ ಒಳಗೇ, ಪೈಪಿನ ತುಟಿಗೂ ಪರದೆಗೂ ನಡುವೆ, ಪಾಚಿ ಬೇರುಬಿಟ್ಟಂತೆ ಕಟ್ಟಿಕೊಂಡಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದರೆ ನಾಲ್ಕೇ ದಿನ, ಮತ್ತೆ ಅದೇ. ಕೆಲಸದ ಮೇಲೆ ನಾನು ಬೆಂಗಳೂರಿಗೆ ಹೋಗಿದ್ದಾಗ ಸೀಳು ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡು, ಉಳಿದ ಸಂದಿಯಿಂದ ನೀರು ಹೊರಕ್ಕೆ ಚಿಮ್ಮಿ, ಹಜಾರದ ಉಪ್ಪುನೀರನ್ನು ಅಮ್ಮ ಒಬ್ಬರೇ ಒರೆಸಬೇಕಾಯಿತು. ಅಂದು ಸಂಜೆ ಅವರ ದನಿ ಫೋನಿನಲ್ಲಿ ಕೇಳಿದಾಗ ಇದನ್ನು ಸರಿಪಡಿಸುವುದು ಇಲ್ಲವೇ ಕಿತ್ತುಹಾಕುವುದು ಎಂದು ನಿರ್ಧರಿಸಿದೆ.

ಸೀಳನ್ನು ಐದು ಮಿಲಿಮೀಟರಿಗೆ ಹಿಗ್ಗಿಸಿದೆ. ಪಂಪಿನ ಕಡೆಗೇ ನೀರೆಲ್ಲ ಸುರಿದು ಇನ್ನೊಂದು ತುದಿ ಒಣಗಿತು. ಹೊಸ ಪೈಪ್ ತಂದು ಮತ್ತೆ ಮೂರು ಮಿಲಿಮೀಟರಿಗೆ ಕೊಯ್ದು, ಬೆಳಕು ತಾಗದಂತೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದೆ; ಉಪ್ಪುನೀರಿಗೆ ಅದರ ಅಂಟು ವಾರದಲ್ಲಿ ಬಿಟ್ಟುಹೋಯಿತು. ಪರಿಹಾರ ಸಿಕ್ಕಿದ್ದು ಮಂಡ್ಯದ ಬಳಿ ಕಬ್ಬು ಬೆಳೆಯುವ ನಮ್ಮ ಮಾವನಿಂದ. ಅವರು ಪರದೆಯನ್ನು ಒಂದು ನಿಮಿಷ ನೋಡಿ, "ಬಿಸ್ಲು ಬಿದ್ರೆ ಒಳಗೆ ಪಾಚಿ ಕಟ್ಕತದೆ ಅಂತ ತಾನೆ ಡ್ರಿಪ್ ಪೈಪ್ನ ಕರ್ರುಗೆ ಮಾಡಿರೋದು? ಅದುನ್ನೇ ಮುಚ್ಚಪ್ಪ" ಎಂದರು. ಅವರ ಗದ್ದೆಯಲ್ಲಿ ಹನಿ ನೀರಾವರಿ ಹಾಕಿ ಉಳಿದಿದ್ದ ದಪ್ಪ ಕಪ್ಪು ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ, ಸೀಳಿನ ಎರಡೂ ಕಡೆ ಅರ್ಧ ಇಂಚು ಕೆಳಗಿಳಿಯುವಂತೆ ಪಿವಿಸಿ ಪೈಪಿನ ಮೇಲೆ ಸೂರಿನ ಹಾಗೆ ಕೂರಿಸಿದೆ. ಅಂದಿನಿಂದ ಬೆಳಕು ಸೀಳಿಗೆ ತಲುಪುತ್ತಿಲ್ಲ, ವಾರಕ್ಕೊಮ್ಮೆ ಪರದೆ ತೊಳೆಯುವಾಗ ಬಿಟ್ಟರೆ ಅದನ್ನು ನಾನು ಮುಟ್ಟುತ್ತಲೂ ಇಲ್ಲ. ಸ್ಕ್ರಬ್ಬರ್ ಕಟ್ಟುವವರು ಈ ಸೂರನ್ನು ಮೊದಲ ದಿನವೇ ಹಾಕಲಿ.

ಅದಾದ ಎರಡು ತಿಂಗಳಲ್ಲಿ, ರಿಯಾಕ್ಟರ್ ತೆಗೆದ ಮೇಲೆ ಮತ್ತೆ ಏರಿದ್ದ ಫಾಸ್ಫೇಟ್ 0.06ಕ್ಕೂ ನೈಟ್ರೇಟ್ 4ಕ್ಕೂ ಇಳಿದವು, ಎರಡೂ ಜೊತೆಜೊತೆಯಾಗಿ, ಯಾವುದೂ ಸೊನ್ನೆಗೆ ಹೋಗದೆ. ಕಲ್ಲಿನ ಮೇಲೆ ಮರಳಿದ್ದ ಕೂದಲು ಪಾಚಿ ತಾನಾಗಿ ತೆಳುವಾಯಿತು, ಉಳಿದದ್ದನ್ನು ಬಸವನಹುಳುಗಳು ಮೇಯ್ದವು. ಸ್ಕ್ರಬ್ಬರಿನ ದೀಪ ರಾತ್ರಿ ಉರಿದು ಅಲ್ಲಿನ ಪಾಚಿ ಆಗಲೂ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಬೆಳಗಿನ ಜಾವ ನೀರಿನ ಪಿಎಚ್ ಮೊದಲಿನಷ್ಟು ಬೀಳುತ್ತಿಲ್ಲ. ಕರೆಂಟ್ ಹೋದರೆ ಪರದೆ ಒಣಗುತ್ತದೆ. ಪಂಪನ್ನು ಇನ್ವರ್ಟರಿಗೆ ಹಾಕಿದ್ದೇನೆ. ನೀರು ಇಳಿಯುವ ಸದ್ದು ರಿಯಾಕ್ಟರಿನದ್ದಕ್ಕಿಂತ ಹೆಚ್ಚು.

ನನ್ನ ತೀರ್ಮಾನದಲ್ಲಿ ನಮ್ಮ ಮನೆಯ ಅಭ್ಯಾಸಗಳ ಪಾಲು ದೊಡ್ಡದು. ಮೀನುಗಳಿಗೆ ಎರಡು ಹೊತ್ತು ಉಣಿಸುವುದನ್ನು ನಾನಾಗಲಿ ಮಗಳಾಗಲಿ ಬಿಡುವವರಲ್ಲ; ಹೆಚ್ಚು ಹಾಕಿದ ವಾರ ಪರದೆಯ ಮೇಲೆ ಪಾಚಿ ದಪ್ಪ ಬೆಳೆಯುತ್ತದೆ, ಅಷ್ಟೇ. ಭಾನುವಾರ ಬೆಳಿಗ್ಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪರದೆ ಕೆರೆದು ಸಿಹಿನೀರಿನಲ್ಲಿ ತೊಳೆಯಲು ಹತ್ತು ನಿಮಿಷ ಸಾಕು. ಎರಡು ತಿಂಗಳಿಗೊಮ್ಮೆ ಹರಳಿಗೆ ಕೊಡುತ್ತಿದ್ದ 1,100 ರೂಪಾಯಿಯೂ ಉಳಿಯಿತು. ವಾರಗಟ್ಟಲೆ ಊರಲ್ಲಿರದವರು, ಎರಡು ದಿನಕ್ಕೊಮ್ಮೆ ಅಳೆದು ನೋಡಲು ಮನೆಯಲ್ಲಿ ಯಾರಾದರೂ ಇದ್ದರೆ, ಕಾಲು ಅಳತೆಯ ಹರಳಿನೊಂದಿಗೆ ರಿಯಾಕ್ಟರ್ ಇಟ್ಟುಕೊಳ್ಳಬಹುದು. ನಮ್ಮದು ಅಟ್ಟ ಸೇರಿದೆ. ಅದರ ಪಂಪ್ ಮಾತ್ರ ಉಪ್ಪುನೀರು ಕಲಸುವ ಡ್ರಮ್ಮಿನಲ್ಲಿ ಓಡುತ್ತಿದೆ.