ಕ್ಲಬ್, ಲೇಬಲ್, ಚೀಟಿ: ಮಲೆನಾಡಿನಲ್ಲಿ ಹಿಪ್ ಹಾಪ್ ಪ್ಲೇಟು ಕೊಳ್ಳುವ ಮೂರು ದಾರಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲ ಸೇರಿಸಿದರೂ ಹಿಪ್ ಹಾಪ್ (ಬೀಟ್ ಮೇಲೆ ರ‍್ಯಾಪ್ ಹೇಳುವ ಸಂಗೀತ) ಎಲ್‌ಪಿ, ಅಂದರೆ ದೊಡ್ಡ ಗ್ರಾಮಫೋನ್ ಪ್ಲೇಟು, ಕೂಡಿಡುವವರು ನನಗೆ ಗೊತ್ತಿರುವ ಮಟ್ಟಿಗೆ ಬೆರಳೆಣಿಕೆಯಷ್ಟು. ಆದರೆ ಇರುವಷ್ಟು ಜನರ ನಡುವೆ ವಾದ ಮಾತ್ರ ಜೋರು. ತಿಂಗಳು ತಿಂಗಳು ಪ್ಲೇಟು ಕಳಿಸುವ ವಿದೇಶಿ ಕ್ಲಬ್‌ಗೆ ಚಂದಾ ಕಟ್ಟಬೇಕೋ, ಹಾಡು ಹೊರತರುವ ಕಂಪನಿ, ಅಂದರೆ ಲೇಬಲ್‌ನವರಿಂದಲೇ ನೇರವಾಗಿ ತರಿಸಬೇಕೋ, ಇಲ್ಲ ಗೆಳೆಯರೆಲ್ಲ ಚೀಟಿ ಹಾಕಿ ಬೆಂಗಳೂರಿನ ಅಂಗಡಿಯಿಂದ ಕೊಳ್ಳಬೇಕೋ? ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ಚೀಟಿಗೆ. ಹಾಗಂತ ಉಳಿದೆರಡು ದಂಡ ಅಂತ ಅಲ್ಲ.

ಮೊದಲು ಕ್ಲಬ್. ಅಂಚೆಯಲ್ಲಿ ಹಾಡು ಕಳಿಸುವುದು ಹೊಸದೇನಲ್ಲ. ಅಮೆರಿಕದ ಕೊಲಂಬಿಯಾ ಕಂಪನಿ 1955ರಲ್ಲೇ ರೆಕಾರ್ಡ್ ಕ್ಲಬ್ ಶುರುಮಾಡಿತ್ತು. ಈ ತಿಂಗಳ ಪ್ಲೇಟು ಬೇಡ ಅಂತ ಸದಸ್ಯರು ಕಾಗದ ಹಾಕದಿದ್ದರೆ ಅದು ಬಿಲ್ ಸಮೇತ ಮನೆಗೆ ಬಂದುಬಿಡುತ್ತಿತ್ತು. ಈಗಿನ ಕ್ಲಬ್‌ಗಳು ಕೊಡುವುದು ಬೇರೆ. ಹಿಪ್ ಹಾಪ್ ಅಂತ ಆರಿಸಿಕೊಂಡರೆ ತಿಂಗಳಿಗೊಂದು ಆಲ್ಬಂ. ಅದೂ ಅಂಗಡಿಯಲ್ಲಿ ಸಿಗುವ ಪ್ಲೇಟಲ್ಲ, ಕ್ಲಬ್‌ಗೆಂದೇ ಬೇರೆಯಾಗಿ ಒತ್ತಿಸಿದ್ದು. ಬಣ್ಣದ ಪ್ಲೇಟು, ದಪ್ಪ ಕವರ್, ಜೊತೆಗೆ ಆ ಆಲ್ಬಂ ಹೇಗೆ ಹುಟ್ಟಿತು ಅಂತ ಹೇಳುವ ಪುಟ್ಟ ಪುಸ್ತಕ.

ಆ ಪುಸ್ತಕಗಳಿಗೆ ನಾನು ಮನಸಾರೆ ಮೆಚ್ಚುಗೆ ಹೇಳುತ್ತೇನೆ. ಯಾವ ಬೀಟ್‌ಗೆ ಯಾವ ಹಳೇ ಹಾಡಿನ ತುಣುಕು, ಯಾವ ಸ್ಟುಡಿಯೋ, ಮಿಕ್ಸ್ ಮಾಡಿದ್ದು ಯಾರು, ಇದೆಲ್ಲ ಫೋನ್‌ನಲ್ಲಿ ಹಾಡು ಕೇಳುವವರ ಕಣ್ಣಿಗೆ ಬೀಳುವುದೇ ಇಲ್ಲ. ಹಿಪ್ ಹಾಪ್‌ನಲ್ಲಿ ಈ ಮಾಹಿತಿ ಅರ್ಧ ಸಂಗೀತ. 1973ರ ಆಗಸ್ಟ್ 11ರಂದು ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ನಡೆದ ಪಾರ್ಟಿಯನ್ನು ಈ ಸಂಗೀತದ ಹುಟ್ಟುಹಬ್ಬ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕುಣಿಯುವವರು ಹಾಡಿನ ನಡುವಿನ ಬರೀ ಡ್ರಮ್ಮಿನ ಭಾಗಕ್ಕೆ ಕಾಯುವುದನ್ನು ಡಿಜೆ ಕೂಲ್ ಹರ್ಕ್ ಗಮನಿಸಿದ್ದರು. ಒಂದೇ ಹಾಡಿನ ಎರಡು ಪ್ಲೇಟು ಎರಡು ಟರ್ನ್‌ಟೇಬಲ್ ಮೇಲಿಟ್ಟು, ಆ ಭಾಗವನ್ನೇ ಮತ್ತೆ ಮತ್ತೆ ಎಳೆದು ಬೆಳೆಸುವುದು ಅವರು ಕಂಡುಕೊಂಡ ದಾರಿ. ಬೇರೆ ಸಂಗೀತಕ್ಕೆ ಪ್ಲೇಟು ಹಾಡು ತುಂಬಿಡುವ ಪೆಟ್ಟಿಗೆ. ಹಿಪ್ ಹಾಪ್‌ಗೆ ಅದೇ ವಾದ್ಯ. ಅದಕ್ಕೇ ನಾವು ಇಷ್ಟು ತಲೆ ಕೆಡಿಸಿಕೊಳ್ಳುವುದು.

ಕ್ಲಬ್ ಬಗ್ಗೆ ಮೊದಲ ತಕರಾರು ಆಯ್ಕೆಯದು. ನಾನು ಚಂದಾ ಕಟ್ಟಿದ ಕಡೆ ತೊಂಬತ್ತರ ದಶಕದ ನ್ಯೂಯಾರ್ಕ್ ಆಲ್ಬಂಗಳದ್ದೇ ಜಾತ್ರೆ. ಒಳ್ಳೆಯ ಆಲ್ಬಂಗಳೇ, ಅದರಲ್ಲಿ ಮಾತಿಲ್ಲ. ಆದರೆ ಅಮೆರಿಕದ ದಕ್ಷಿಣದ ಊರುಗಳಾದ ಅಟ್ಲಾಂಟಾ, ಹ್ಯೂಸ್ಟನ್, ಮೆಂಫಿಸ್ ಎಲ್ಲಿ? ಹೆಣ್ಣುಮಕ್ಕಳು ಎಲ್ಲಿ? ರ‍್ಯಾಪರ್ ಎಂಸಿ ಲೈಟ್ 1988ರಲ್ಲೇ ತಮ್ಮ ಹೆಸರಲ್ಲಿ ಪೂರ್ತಿ ಆಲ್ಬಂ ತಂದವರು. ದಕ್ಷಿಣದ ಮಾತು ಬಂದರೆ ನಮ್ಮ ಬಳಗದ ತೀರ್ಥಹಳ್ಳಿ ಗೆಳತಿ ಸುಮ್ಮನಾಗುವವಳೇ ಅಲ್ಲ. ಹಿಪ್ ಹಾಪ್ ಪತ್ರಿಕೆ ದಿ ಸೋರ್ಸ್ ಕೊಟ್ಟ 1995ರ ಸೋರ್ಸ್ ಅವಾರ್ಡ್ಸ್ ಕತೆ ತೆಗೆಯುತ್ತಾಳೆ. ಅವತ್ತು ನ್ಯೂಯಾರ್ಕ್‌ನಲ್ಲಿ ಅಟ್ಲಾಂಟಾದ ಔಟ್‌ಕಾಸ್ಟ್ ಜೋಡಿಗೆ ಪ್ರಶಸ್ತಿ ಬಂದಾಗ ಸಭೆಯಲ್ಲಿದ್ದವರು ಕೂಗಿ ಹೀಗಳೆದರು. ಆ ಜೋಡಿಯ ಆಂಡ್ರೆ ಮೈಕ್ ಹಿಡಿದು, ದಕ್ಷಿಣದವರಿಗೂ ಹೇಳುವುದಿದೆ ಅಂತ ಹೇಳಿಯೇ ಇಳಿದರು. "ಆ ಮಾತು ಹೇಳಿ ಇಷ್ಟು ವರ್ಷ ಆಯ್ತು ಮಾರಾಯ, ಈ ಕ್ಲಬ್ಬಿನವರಿಗೆ ಇನ್ನೂ ಕೇಳಿಸಿಲ್ಲ" ಅನ್ನುತ್ತಾಳೆ. ಬೆಂಗಳೂರೇ ಕರ್ನಾಟಕ ಅನ್ನುವವರ ಮುಂದೆ ಬೆಳೆದ ನಮಗೆ ಆ ಸಿಟ್ಟು ಬೇಗ ಅರ್ಥವಾಗುತ್ತದೆ.

ಇನ್ನೊಂದು ದೊಡ್ಡ ಜಗಳ ಧ್ವನಿಯದು. ಕ್ಲಬ್‌ಗಳು ಪ್ಲೇಟಿನ ಮೇಲೆ ಸ್ಟಿಕ್ಕರ್ ಅಂಟಿಸುತ್ತವೆ: ಮೂಲ ಟೇಪಿನಿಂದ, ನಡುವೆ ಡಿಜಿಟಲ್ ಇಲ್ಲದೆ ಕೆತ್ತಿದ್ದು ಅಂತ. ಜಾಝ್ ಪ್ಲೇಟಿಗೆ ಅದರ ಬೆಲೆ ಇದೆ. ಹಿಪ್ ಹಾಪ್‌ಗೆ? ಸಾಗರದ ಗೆಳೆಯ ಇದನ್ನೇ ನೋಡಿ ದುಡ್ಡು ಕೊಡುತ್ತಾನೆ. ನಾನು ಒಪ್ಪುವುದಿಲ್ಲ. ಎಂಬತ್ತರ ಕೊನೆ, ತೊಂಬತ್ತರ ಶುರುವಿನ ಎಷ್ಟೋ ಬೀಟ್ ಹುಟ್ಟಿದ್ದು ಇ-ಮ್ಯು ಕಂಪನಿ 1987ರಲ್ಲಿ ತಂದ ಎಸ್‌ಪಿ-1200 ಎಂಬ, ಹಾಡಿನ ತುಣುಕು ಹಿಡಿದು ಬೀಟ್ ಕಟ್ಟುವ ಯಂತ್ರದಲ್ಲಿ. ಅದು ಧ್ವನಿ ಹಿಡಿಯುತ್ತಿದ್ದದ್ದು 12 ಬಿಟ್‌ನಲ್ಲಿ, ಸೆಕೆಂಡಿಗೆ ಸುಮಾರು 26 ಸಾವಿರ ಮಾದರಿಯಂತೆ. ಸಿಡಿಯ ಲೆಕ್ಕ 16 ಬಿಟ್, 44,100; ಅಂದರೆ ಈ ಯಂತ್ರದ ದನಿ ಸಿಡಿಗಿಂತ ಒರಟು. ಎಸ್‌ಪಿ-1200ರಲ್ಲಿ ಒಟ್ಟು ಹಿಡಿಯುತ್ತಿದ್ದದ್ದು ಸುಮಾರು ಹತ್ತು ಸೆಕೆಂಡಿನ ಧ್ವನಿ ಅಷ್ಟೇ. ಜಾಗ ಉಳಿಸಲು ನಿಮಿಷಕ್ಕೆ 33 ಸುತ್ತಿನ ಪ್ಲೇಟನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ತುಂಬಿಸಿ, ಆಮೇಲೆ ಯಂತ್ರದೊಳಗೆ ನಿಧಾನ ಮಾಡುತ್ತಿದ್ದರು. ನಾವು ಇಷ್ಟಪಡುವ ಆ ಒರಟು ಡ್ರಮ್ ಬಂದದ್ದೇ ಅಲ್ಲಿಂದ. ಅಂದರೆ ಹಾಡು ಹುಟ್ಟುವಾಗಲೇ ಡಿಜಿಟಲ್. ಮಾಸ್ಟರ್ ಟೇಪ್ ಚೆನ್ನಾಗಿ ಉಳಿದಿದ್ದರೆ ಅದರಿಂದ ಕೆತ್ತಲಿ, ಒಳ್ಳೆಯದೇ. ಆದರೆ ಆ ಸ್ಟಿಕ್ಕರ್‌ಗೇ ಜಾಸ್ತಿ ದುಡ್ಡು ಯಾಕೆ ಕೊಡಬೇಕು?

ನಾನು ನೋಡುವುದು ಒಂದು ಬದಿಗೆ ಎಷ್ಟು ನಿಮಿಷ ತುಂಬಿದ್ದಾರೆ ಅಂತ. 33ರ ವೇಗದ ಹನ್ನೆರಡು ಇಂಚಿನ ಪ್ಲೇಟಿಗೆ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷದ ಆಸುಪಾಸು ಚೆಂದ. ಬೇಸ್ ಜೋರಾದಷ್ಟೂ ಗೆರೆ ಅಗಲವಾಗಿ ಓಲಾಡುತ್ತದೆ, ಅದಕ್ಕೆ ಜಾಗ ಬೇಕು. ಇಪ್ಪತ್ತೇಳು, ಇಪ್ಪತ್ತೆಂಟು ನಿಮಿಷ ತುರುಕಿದರೆ ಅಡಿಕೆ ಸಸಿ ಒತ್ತೊತ್ತಾಗಿ ನೆಟ್ಟ ಹಾಗೆ, ಯಾವುದೂ ಮೇಲೇಳುವುದಿಲ್ಲ. ದನಿ ಸಣ್ಣದಾಗುತ್ತದೆ, ಬೇಸ್ ಕತ್ತರಿಸಿ ಹೋಗುತ್ತದೆ. ತೊಂಬತ್ತರ ದಶಕದವರು ಸಿಡಿಯ ಎಪ್ಪತ್ತು ಚಿಲ್ಲರೆ ನಿಮಿಷ ತುಂಬಲು ಆಲ್ಬಂ ಮಾಡಿದರು. ಅಂಥವಕ್ಕೆ ಎರಡು ಪ್ಲೇಟಿನ ಡಬಲ್ ಎಲ್‌ಪಿಯೇ ಬೇಕು. ಮತ್ತೊಂದು ಮಾತು. ಮುಳ್ಳು ಪ್ಲೇಟಿನ ಒಳಸುತ್ತಿಗೆ ಹೋದಂತೆ ಅದರ ಕೆಳಗೆ ಗೆರೆ ಓಡುವ ವೇಗ ಕಡಿಮೆಯಾಗುತ್ತದೆ. ಅಲ್ಲಿ ಮೊದಲು ಹಾಳಾಗುವುದು 'ಸ', 'ಶ' ಶಬ್ದಗಳು. ರ‍್ಯಾಪ್‌ನಲ್ಲಿ ಮಾತೇ ಮುಖ್ಯ ಅಲ್ವಾ? ಬದಿಯ ಕೊನೇ ಹಾಡು ಕೇಳಿ, ಪ್ಲೇಟಿನ ಗುಣ ಗೊತ್ತಾಗುತ್ತದೆ.

ಈ ಪರೀಕ್ಷೆಯಲ್ಲಿ ಕ್ಲಬ್ ಪ್ಲೇಟುಗಳು ನಿಜವಾಗಿ ಗೆದ್ದವು. ಅಂಗಡಿಯಲ್ಲಿ ಒಂದೇ ಪ್ಲೇಟಿಗೆ ತುರುಕಿ ಮಾರುವ ಆಲ್ಬಂ ಕ್ಲಬ್‌ನಲ್ಲಿ ಎರಡಾಗಿ ಬಂತು. ಕಿಕ್ ಡ್ರಮ್ ಎದೆಗೆ ತಾಗುವ ಹಾಗಿತ್ತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದಾಗ ಬಳಗದಲ್ಲಿ ಯಾರೂ ವಾದ ಮಾಡಲಿಲ್ಲ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಒಂದೇ ಬಣ್ಣದ ಪ್ಲೇಟಿಗೂ ಕಪ್ಪಿಗೂ ನನ್ನ ಕಿವಿಗೆ ವ್ಯತ್ಯಾಸ ಕೇಳಿಸಲಿಲ್ಲ. ಚಿತ್ರ ಅಚ್ಚು ಹಾಕಿದ ಪಿಕ್ಚರ್ ಡಿಸ್ಕ್ ಮಾತ್ರ ಗೋಡೆಗೆ ಸರಿ, ಕೇಳಲು ಬೇಡ.

ಕ್ಲಬ್ ಸೋಲುವುದು ಸಾಗಣೆಯಲ್ಲಿ. ಅಮೆರಿಕದಿಂದ ಇಲ್ಲಿಗೆ ಒಂದು ಪ್ಲೇಟು ಬರಲು ಪ್ಲೇಟಿನ ಬೆಲೆಯ ಹತ್ತಿರ ಹತ್ತಿರದ ಖರ್ಚು. ಅದರ ಮೇಲೆ ಆಮದು ಸುಂಕ. ದಾರಿಯಲ್ಲಿ ಪ್ಲೇಟು ಕವರಿನೊಳಗೆ ಓಡಾಡಿ ಅಂಚು ಹರಿದು ಬಂದದ್ದೂ ಇದೆ. ಎಲ್ಲಿಂದ ತರಿಸಿದರೂ ಒಂದು ಮಾತು ಮೊದಲೇ ಬರೆದು ಕೇಳಿ: ಪ್ಲೇಟನ್ನು ಕವರಿನಿಂದ ಹೊರಗೆ ತೆಗೆದು, ಒಳಚೀಲದ ಸಮೇತ ಕವರಿನ ಹಿಂದೆ ಇಟ್ಟು ಕಳಿಸಿ ಅಂತ. ಒಳ್ಳೆಯವರು ಹಾಗೇ ಮಾಡುತ್ತಾರೆ.

ಮಳೆಗಾಲದ ಕತೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸನಗರ, ಆಗುಂಬೆ ಕಡೆ ಕಾಗದ ಅನ್ನುವುದೆಲ್ಲ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಪ್ಲೇಟಿಗೆ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. ಕಾಗದದ ಒಳಚೀಲದ ಬೂಷ್ಟು ಗೆರೆಗಳಿಗೂ ಇಳಿಯುತ್ತದೆ. ಬಂದ ದಿನವೇ ಕಾಗದದ ಚೀಲ ತೆಗೆದು ಪ್ಲಾಸ್ಟಿಕ್ ಒಳಚೀಲ ಹಾಕಿ, ಕಪಾಟಿನಲ್ಲಿ ಸಿಲಿಕಾ ಜೆಲ್ ಇಡಿ. ಹಳೇ ಮನೆಗಳಲ್ಲಿ ಒಣಗಿರಲಿ ಅಂತ ಸಾಮಾನನ್ನು ಒಲೆ ಮೇಲಿನ ಅಟ್ಟಕ್ಕೆ ಹಾಕುವ ರೂಢಿ ಇದೆಯಲ್ಲ, ಪ್ಲೇಟಿಗೆ ಅದು ಬೇಡವೇ ಬೇಡ. ಬಿಸಿಗೆ ಬಾಗಿಹೋಗುತ್ತದೆ. ಕ್ಲಬ್‌ನ ದಪ್ಪ ಕವರ್, ಪುಸ್ತಕ ಎಲ್ಲ ಕಾಗದವೇ ಆದ್ದರಿಂದ ಅದಕ್ಕೆ ಇಲ್ಲಿ ಇನ್ನಷ್ಟು ಆರೈಕೆ ಬೇಕು.

ಎರಡನೇ ದಾರಿ ಲೇಬಲ್. ಲಾಸ್ ಏಂಜಲಿಸ್‌ನ ಸ್ಟೋನ್ಸ್ ಥ್ರೋ 1996ರಲ್ಲಿ, ಮಿನಿಯಾಪೊಲಿಸ್‌ನ ರೈಮ್‌ಸೇಯರ್ಸ್ 1995ರಲ್ಲಿ ಶುರುವಾದವು. ಇಂಥ ಸಣ್ಣ ಲೇಬಲ್‌ಗಳು ತಮ್ಮ ಪ್ಲೇಟುಗಳನ್ನು ತಾವೇ ಮಾರುತ್ತವೆ. ತಾವೇ ಹಾಡಿ ತಾವೇ ಒತ್ತಿಸುವವರು ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಸಿಗುತ್ತಾರೆ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇ ದಿನಗಳಲ್ಲಿ ಆ ಕಂಪನಿ ತನ್ನ ಪಾಲು ಬಿಟ್ಟುಕೊಡುತ್ತದೆ. ನೀವು ಕೊಟ್ಟ ದುಡ್ಡು ಹಾಡಿದವರಿಗೆ ಜಾಸ್ತಿ ತಲುಪುತ್ತದೆ. ಪ್ಲೇಟು ಒತ್ತಿ ಬರಲು ತಿಂಗಳುಗಟ್ಟಲೆ ಆದರೂ ಡಿಜಿಟಲ್ ಪ್ರತಿ ಮೊದಲೇ ಕೈಸೇರುತ್ತದೆ. ಹೊಸ ಸಂಗೀತ ಬೇಕು ಅನ್ನುವವರಿಗೆ ಇದಕ್ಕಿಂತ ಪ್ರಾಮಾಣಿಕ ದಾರಿ ನನಗೆ ಕಂಡಿಲ್ಲ. ತೊಂದರೆ ಎರಡು. ಸಾಗಣೆ ಖರ್ಚು ಕ್ಲಬ್‌ನಷ್ಟೇ. ಮತ್ತೆ ಕಡಿಮೆ ಪ್ರತಿ ಒತ್ತಿಸುವ ಪ್ಲೇಟುಗಳು ಅಮೆರಿಕದ ಮಧ್ಯಾಹ್ನ ಮಾರಾಟಕ್ಕೆ ಬರುತ್ತವೆ. ನಮಗೆ ಅದು ನಡುರಾತ್ರಿ. ಎದ್ದು ನೋಡುವಾಗ ಖಾಲಿ. ಆಮೇಲೆ ಅದೇ ಪ್ಲೇಟು ಮೂರು ಪಟ್ಟು ಬೆಲೆಗೆ ಮರುಮಾರಾಟದಲ್ಲಿ ಕಾಣುತ್ತದೆ. ಕೇಳುವುದಕ್ಕಲ್ಲದೆ ಮಾರುವುದಕ್ಕೇ ಕೊಳ್ಳುವವರ ಮೇಲೆ ನನಗೆ ನಿಜವಾಗಿ ಕೋಪ ಇದೆ.

ಹಿಪ್ ಹಾಪ್‌ನಲ್ಲಿ ಪ್ಲೇಟು ಕೈಯಲ್ಲಿರುವುದು ಬರೀ ಶೋಕಿ ಅಲ್ಲ. ಡಿ ಲಾ ಸೋಲ್ ತಂಡದ ಮೊದಲ ಆಲ್ಬಂ ಬಂದದ್ದು 1989ರಲ್ಲಿ. ಸ್ಯಾಂಪಲ್, ಅಂದರೆ ಬೇರೆ ಹಾಡಿನಿಂದ ಎತ್ತಿದ ತುಣುಕುಗಳ ಹಕ್ಕಿನ ತೊಡಕಿನಿಂದ ಅದು ಸ್ಟ್ರೀಮಿಂಗ್‌ಗೆ ಬರಲು 2023ರ ಮಾರ್ಚ್ 3ರವರೆಗೆ ಕಾಯಬೇಕಾಯಿತು. ಪ್ಲೇಟು ಇದ್ದವರು ಅಷ್ಟೂ ವರ್ಷ ಯಾರನ್ನೂ ಕೇಳದೆ ಹಾಕಿಕೊಂಡರು.

ಇನ್ನು ನಮ್ಮ ಚೀಟಿ. ಆರು ಜನ. ತಿಂಗಳಿಗೆ ತಲಾ 700 ರೂಪಾಯಿ, ಒಟ್ಟು 4,200. ಬೆಂಗಳೂರಿನ ಅಂಗಡಿಯಲ್ಲಿ ಒಂದು ಹೊಸ ಡಬಲ್ ಎಲ್‌ಪಿಗೆ ಸಾಮಾನ್ಯವಾಗಿ ಇಷ್ಟು ಸಾಕು. ಸರದಿ ಯಾರದೋ ಅವರು ಆಲ್ಬಂ ಆರಿಸಬೇಕು, ಪ್ಲೇಟು ಕೊನೆಗೆ ಅವರಿಗೇ. ಆದರೆ ಕಟ್ಟುಪಾಡು ಒಂದಿದೆ. ಯಾಕೆ ಇದೇ ಬೇಕು ಅಂತ ಉಳಿದ ಐವರ ಮುಂದೆ ಹೇಳಿ ಒಪ್ಪಿಸಬೇಕು. ಬಂದ ಮೇಲೆ ಮೊದಲ ಸಲ ಕೇಳುವುದು ಎಲ್ಲರೂ ಒಟ್ಟಿಗೆ, ಶಿವಮೊಗ್ಗದ ದುರ್ಗಿಗುಡಿಯ ಒಂದು ಮಹಡಿ ಕೋಣೆಯಲ್ಲಿ. ಪ್ಲೇಟು ಬಸ್ಸಿನಲ್ಲಿ ಸಾಗರಕ್ಕೂ ತೀರ್ಥಹಳ್ಳಿಗೂ ಹೋಗಿ ಬರುತ್ತದೆ. ಅಂಚೂ ಹರಿಯುವುದಿಲ್ಲ, ಯಾಕೆಂದರೆ ತೊಡೆ ಮೇಲೆ ಇಟ್ಟುಕೊಂಡು ಹೋಗುತ್ತೇವೆ.

ಚೀಟಿ ನನಗೆ ಜಾಸ್ತಿ ಇಷ್ಟವಾದದ್ದು ದುಡ್ಡಿನ ಕಾರಣಕ್ಕಲ್ಲ, ಆ ಒಪ್ಪಿಸುವ ಕೆಲಸಕ್ಕೆ. ಕ್ಲಬ್ ಕಳಿಸಿದ ಆಲ್ಬಂ ಬಗ್ಗೆ ನೀವು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಇಲ್ಲಿ ಕೊಡಬೇಕು. ತೀರ್ಥಹಳ್ಳಿಯವಳು ಹ್ಯೂಸ್ಟನ್ ಕಡೆಯ ನಿಧಾನದ ಹಾಡುಗಳ ಪರವಾಗಿ ವಾದ ಮಾಡಿದ ತಿಂಗಳು, ನಾನು ಅದುವರೆಗೆ ದಾಟಿ ಹೋಗುತ್ತಿದ್ದ ಒಂದು ಇಡೀ ಪ್ರದೇಶದ ಸಂಗೀತಕ್ಕೆ ಕಿವಿ ಕೊಟ್ಟೆ. ಸಾಗರದವನು ಸಾಲು ಸಾಲು ಬಿಡಿಸಿ ಪ್ರಾಸ ಎಲ್ಲಿ ಕೂರುತ್ತದೆ ಅಂತ ತೋರಿಸುತ್ತಾನೆ. ಪ್ಲೇಟು ನಿಲ್ಲಿಸಿ, ಮುಳ್ಳು ಹಿಂದಕ್ಕೆ ಇಟ್ಟು, ಮತ್ತೆ ಕೇಳುತ್ತೇವೆ. ಕ್ಲಬ್‌ನ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ ತಿರುಗಿ ಪ್ರಶ್ನೆ ಕೇಳಿದರೆ ಉತ್ತರ ಕೊಡುವುದಿಲ್ಲ.

ಚೀಟಿಯ ಕೊರತೆಯನ್ನೂ ಹೇಳಬೇಕು. ಅಂಗಡಿಯಲ್ಲಿ ದೊಡ್ಡ ಹೆಸರುಗಳೇ ಜಾಸ್ತಿ. ನೀವು ಕೇಳಿದ ಸಣ್ಣ ಲೇಬಲ್ ಪ್ಲೇಟು ಇರುವುದಿಲ್ಲ, ತರಿಸಿಕೊಡಿ ಅಂದರೆ ಬೆಲೆ ಏರುತ್ತದೆ. ಸರದಿ ಬರುವವರೆಗೆ ಆಸೆ ತಡೆದುಕೊಳ್ಳಬೇಕು. ಒಬ್ಬರು ದುಡ್ಡು ಹಾಕುವುದು ತಡ ಮಾಡಿದರೆ ಎಲ್ಲರಿಗೂ ತಡ. ಮತ್ತೆ ಮೂರರಲ್ಲಿ ಯಾವುದರಿಂದಲೂ ಕನ್ನಡ ರ‍್ಯಾಪ್ ಪ್ಲೇಟು ನನ್ನ ಕೈಗೆ ಬಂದಿಲ್ಲ. ಇದು ನನಗೆ ನಿಜವಾದ ನೋವು. ಯಾರಾದರೂ ಒತ್ತಿಸಿದ ದಿನ ನಮ್ಮ ಚೀಟಿಯಲ್ಲಿ ಸರದಿ ಯಾರದು ಅಂತ ನೋಡುವುದಿಲ್ಲ, ಆರು ಪ್ರತಿ ತರುತ್ತೇವೆ ಅಂತ ಈಗಲೇ ತೀರ್ಮಾನ ಆಗಿದೆ.

ನಿಮ್ಮೂರಲ್ಲಿ ಹೀಗೆ ಕೇಳುವವರು ಇನ್ನೊಬ್ಬರೂ ಇಲ್ಲ ಅಂದರೆ ಲೇಬಲ್‌ನಿಂದ ನೇರ ತರಿಸಿ. ಎರಡು ಮೂರು ಪ್ಲೇಟು ಒಟ್ಟಿಗೆ ತರಿಸಿದರೆ ಸಾಗಣೆ ಸ್ವಲ್ಪ ಹಗುರಾಗುತ್ತದೆ. ಕ್ಲಬ್‌ಗೆ ವರ್ಷದ ಚಂದಾ ಒಂದೇ ಸಲ ಕಟ್ಟುವ ಮುಂಚೆ ಕಳೆದ ವರ್ಷ ಅವರು ಕಳಿಸಿದ ಆಲ್ಬಂಗಳ ಪಟ್ಟಿ ತೆಗೆದು ಓದಿ. ಬೇಡದ ತಿಂಗಳು ಬೇರೆ ಆಲ್ಬಂಗೆ ಬದಲಿಸಿಕೊಳ್ಳಲು ಬಿಡುತ್ತಾರಾ ಅಂತ ಕೇಳಿ. ಬಿಡುವುದಿಲ್ಲ ಅಂದರೆ ಕಟ್ಟಬೇಡಿ. ಇಬ್ಬರಿದ್ದರೂ ಸಾಕು, ಚೀಟಿ ಶುರುಮಾಡಿ.