ಗನ್‌ಫೈರ್ ರಿಬಾರ್ನ್, ರೋಬೋಕ್ವೆಸ್ಟ್, ಬಿಪಿಎಂ: ಆಡಿ ನೋಡಿ ಮಾಡಿದ ಹೋಲಿಕೆ

ವೇಗದ ಶೂಟರ್‌ಗಳು, ಅಂದರೆ ಬಂದೂಕು ಹಿಡಿದು ಆಡುವ ಗೇಮ್‌ಗಳು, ಬೇಕಾದಷ್ಟಿವೆ. ಸತ್ತರೆ ಮೊದಲಿಂದ ಶುರು ಮಾಡಬೇಕಾದ, ಪ್ರತಿ ರನ್‌ನಲ್ಲೂ (ಶುರುವಿನಿಂದ ಸಾಯುವವರೆಗಿನ ಒಂದು ಸರದಿ) ರೂಮು, ಬಂದೂಕು, ಶಕ್ತಿ ಎಲ್ಲವೂ ಅದಲುಬದಲಾಗುವ ರೋಗ್‌ಲೈಟ್‌ಗಳಿಗೂ ಬರವಿಲ್ಲ. ಆದರೆ ಎರಡೂ ಸೇರಿ ನಿಜವಾಗಿ ಹದಕ್ಕೆ ಬಂದವು ಬೆರಳೆಣಿಕೆಯಷ್ಟು ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆ ಏನೇನೋ ಡಿಲೀಟ್ ಮಾಡಿದ್ದೇನೆ, ಮೂರನ್ನು ಮಾತ್ರ ಮುಟ್ಟಿಲ್ಲ: ಗನ್‌ಫೈರ್ ರಿಬಾರ್ನ್, ರೋಬೋಕ್ವೆಸ್ಟ್, ಬಿಪಿಎಂ: ಬುಲೆಟ್ಸ್ ಪರ್ ಮಿನಿಟ್. ಮೂರೂ 2020ರಲ್ಲೇ ಆಟಗಾರರ ಕೈಗೆ ಬಂದವು. ಮೊದಲೆರಡು ಅರ್ಲಿ ಆಕ್ಸೆಸ್ ಆಗಿ, ಅಂದರೆ ಪೂರ್ತಿಯಾಗುವ ಮುಂಚೆಯೇ ಮಾರಾಟಕ್ಕೆ ಬಂದು, ಗನ್‌ಫೈರ್ 2021ರ ನವೆಂಬರ್‌ನಲ್ಲಿ, ರೋಬೋಕ್ವೆಸ್ಟ್ 2023ರ ನವೆಂಬರ್‌ನಲ್ಲಿ ಪೂರ್ತಿಯಾದವು.

ಇವನ್ನು ಹೋಲಿಸಲು ನಾನು ಇಟ್ಟುಕೊಂಡಿರುವ ಅಳತೆ ಗ್ರಾಫಿಕ್ಸ್ ಅಲ್ಲ, ಬಂದೂಕುಗಳ ಸಂಖ್ಯೆಯೂ ಅಲ್ಲ. ಗೇಮ್ ನನ್ನನ್ನು ಮುಂದಕ್ಕೆ ಓಡಿಸುತ್ತೋ, ಕಂಬದ ಮರೆಗೆ ತಳ್ಳುತ್ತೋ? ರನ್ ನಡುವೆ ನಾನು ಆರಿಸಿಕೊಳ್ಳುವ ಶಕ್ತಿಗಳು ನಾನು ಓಡಾಡುವ ರೀತಿಯನ್ನೇ ಬದಲಿಸುತ್ತವೋ, ಬರೀ ಡ್ಯಾಮೇಜ್ ಅಂಕಿಯನ್ನು ಹೆಚ್ಚಿಸುತ್ತವೋ? ಈ ಎರಡಕ್ಕೂ ಸರಿಯಾದ ಉತ್ತರ ಕೊಡುವ ಗೇಮ್ ಎಷ್ಟು ಆಡಿದರೂ ಬೇಸರ ತರಿಸಲ್ಲ.

ಈ ಬೆಸುಗೆ ಯಾಕೆ ಕಷ್ಟ ಅಂತ ನೋಡಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ 1980ರ ಸುಮಾರಿಗೆ ಯುನಿಕ್ಸ್ ಕಂಪ್ಯೂಟರ್‌ಗಳಿಗೆ ಮಾಡಿದ, ರೋಗ್‌ಲೈಟ್ ಎಂಬ ಹೆಸರಿಗೆ ಮೂಲವಾದ ರೋಗ್ ಗೇಮ್‌ನಲ್ಲಿ ನೀವು ಒಂದು ಹೆಜ್ಜೆ ಇಟ್ಟರೆ ಮಾತ್ರ ಎದುರಿಗಿರುವವನೂ ಒಂದು ಹೆಜ್ಜೆ ಇಡುತ್ತಾನೆ. ಕಾಫಿ ಕುಡಿದು ಬಂದು ಯೋಚಿಸಿದರೂ ನಡೆಯುತ್ತೆ. 1993ರ ಶೂಟರ್ ಡೂಮ್‌ನಲ್ಲಿ ಯೋಚಿಸುತ್ತಾ ನಿಂತರೆ ಕತೆ ಮುಗೀತು. ಒಂದರ ಸೊಗಸು ನಿಧಾನದ ಲೆಕ್ಕಾಚಾರದಲ್ಲಿದೆ, ಇನ್ನೊಂದರದ್ದು ಲೆಕ್ಕಕ್ಕೆ ಪುರುಸೊತ್ತೇ ಕೊಡದಿರುವುದರಲ್ಲಿ. 2014ರಲ್ಲಿ ಬಂದ ಟವರ್ ಆಫ್ ಗನ್ಸ್, ಜಿಗ್ಗುರಾಟ್ ಗೇಮ್‌ಗಳು ಈ ಎರಡು ಬಗೆಯ ಸೊಗಸನ್ನೂ ಬೆಸೆಯಲು ಹೊರಟಿದ್ದವು. ಲೆವೆಲ್ ಏರಿದಾಗ ಎರಡು ಪರ್ಕ್ (ಹೆಚ್ಚುವರಿ ಶಕ್ತಿ) ತೋರಿಸಿ ಒಂದನ್ನು ಆರಿಸು ಅನ್ನುವ ಜಿಗ್ಗುರಾಟ್‌ನ ಪದ್ಧತಿ ನನಗೆ ಈಗಲೂ ಇಷ್ಟ. ಆಯ್ಕೆ ಮುಗಿಯುತ್ತಿದ್ದಂತೆ ಮತ್ತೆ ಓಟ. ಆಯ್ಕೆ ಚಿಕ್ಕದಿರಬೇಕು, ಅದರ ಪರಿಣಾಮ ದೊಡ್ಡದಿರಬೇಕು.

ಗನ್‌ಫೈರ್ ರಿಬಾರ್ನ್‌ನಿಂದ ಶುರು ಮಾಡೋಣ. ಚೀನಾದ ಡುವೊಯಿ ಗೇಮ್ಸ್ ಮಾಡಿದ್ದು. ಬೆಕ್ಕು, ನಾಯಿ, ಹಕ್ಕಿ, ಹುಲಿ, ಮೊಲದ ಮುಖದ ನಾಯಕರು, ಕಾರ್ಟೂನ್ ಥರದ ಬಣ್ಣ. ನಾಲ್ಕು ಜನ ಒಟ್ಟಿಗೆ ಆಡಬಹುದು. ಇದರ ಜೀವಾಳ ಬೆಂಕಿ, ಮಿಂಚು, ಕೊರೆತ ಎಂಬ ಮೂರು ಧಾತುಗಳು. ಬೆಂಕಿ ಮೈಯನ್ನು ಸುಡುತ್ತೆ, ಮಿಂಚು ಶೀಲ್ಡ್ ಒಡೆಯುತ್ತೆ, ಕೊರೆತ ಕವಚವನ್ನು ತಿನ್ನುತ್ತೆ. ನಾಯಿಮುಖದ ಅವ್ ಬಾಯ್‌ಗೆ ಎರಡೂ ಕೈಯಲ್ಲಿ ಒಟ್ಟಿಗೆ ಬಂದೂಕು ಹಿಡಿಯುವ ಶಕ್ತಿ ಇದೆ. ಒಂದರಲ್ಲಿ ಬೆಂಕಿ, ಇನ್ನೊಂದರಲ್ಲಿ ಮಿಂಚು ಹಿಡಿದು ಒಬ್ಬನನ್ನೇ ಗುರಿ ಮಾಡಿ. ಎರಡೂ ಧಾತು ಅವನ ಮೇಲೆ ಕೂಡಿದಾಗ ಅವನು ತಿರುಗಿ ತನ್ನ ಕಡೆಯವರನ್ನೇ ಹೊಡೆಯಲು ನಿಲ್ಲುತ್ತಾನೆ. ಬೆಂಕಿಯ ಜತೆ ಕೊರೆತ ಸೇರಿದರೆ ಸ್ಫೋಟ. ಮಿಂಚಿನ ಜತೆ ಕೊರೆತ ಸೇರಿದರೆ ವಿಷದ ಹೊಗೆ ಹಿಡಿದು ಹೆಲ್ತ್ ಇಳಿಯುತ್ತಾ ಹೋಗುತ್ತೆ. ಇದಕ್ಕೆ ಶಕ್ತಿ ಕೊಡುವ ಸ್ಕ್ರೋಲ್‌ಗಳು, ಬಂದೂಕಿನ ಗುಣ ಹೆಚ್ಚಿಸುವ ಬರಹಗಳು, ಹಂತ ಮುಗಿದ ಮೇಲೆ ಸಿಗುವ ಅಸೆನ್ಷನ್ ಎಂಬ ನಾಯಕನ ಶಕ್ತಿಗಳು ಎಲ್ಲ ಸೇರಿಸಿದರೆ ಲೆಕ್ಕಾಚಾರದ ರುಚಿ ಹತ್ತಿದವರಿಗೆ ಹಬ್ಬ.

ಮೈಸೂರಿನಲ್ಲಿರುವ ತಮ್ಮನ ಜತೆ ಆಡುವಾಗ ಇದು ಇನ್ನೂ ಚೆಂದ. ನನ್ನ ಕೈಯಲ್ಲಿ ಮಿಂಚಿನ ಬಂದೂಕು, ಅವನದ್ದು ಬೆಂಕಿ. "ಅಣ್ಣ, ಆ ದಪ್ಪಗಿರೋನ ಶೀಲ್ಡ್ ಒಡಿ ಸಾಕು, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಅಂತಾನೆ. "ಒಡೆದೆ, ಬೇಗ ಬಾ, ಬಲಗಡೆಯಿಂದ ಇನ್ನಿಬ್ರು ಬರ್ತಿದ್ದಾರೆ ಕಣೋ" ಅಂತೀನಿ. ಇಬ್ಬರ ಕೆಲಸವೂ ಬೇರೆ, ಇಬ್ಬರೂ ಇಲ್ಲದೆ ರೂಮು ಗೆಲ್ಲಲಾಗದು. ಕೋ-ಆಪ್, ಅಂದರೆ ಒಟ್ಟಿಗೆ ಸೇರಿ ಆಡುವ ಆಟ, ಹೀಗಿರಬೇಕು. ಎರಡು ಪಟ್ಟು ಬಂದೂಕು ತಂದು ಸುರಿದರೆ ಅದು ಕೋ-ಆಪ್ ಆಗಲ್ಲ.

ಆದರೆ ಒಬ್ಬನೇ ಕೂತು ಆಡುವಾಗ ಇದರ ಕೊರತೆ ಎದ್ದು ಕಾಣುತ್ತೆ. ಗನ್‌ಫೈರ್‌ನ ನಾಯಕರಿಗೆ ಶೀಲ್ಡ್ ಅಥವಾ ಕವಚ ಇರುತ್ತೆ. ಸ್ವಲ್ಪ ಹೊತ್ತು ಏಟು ಬೀಳದಿದ್ದರೆ ಅದು ತಾನಾಗಿ ತುಂಬಿಕೊಳ್ಳುತ್ತೆ. ಹಾಗಾಗಿ ಶೀಲ್ಡ್ ಇಳಿದ ತಕ್ಷಣ ಕಂಬದ ಹಿಂದೆ ಹೋಗಿ ಉಸಿರು ತಗೊಂಡು ಮತ್ತೆ ಬರುವುದೇ ಜಾಣತನ ಅನ್ನಿಸಿಬಿಡುತ್ತೆ. ಡ್ಯಾಶ್ (ಸರ್ರನೆ ಚಿಮ್ಮುವ ಓಟ) ಕೊಟ್ಟಿದ್ದಾರೆ, ಓಡಾಡಲು ಜಾಗ ಕೊಟ್ಟಿದ್ದಾರೆ, ಆಮೇಲೆ ಅಡಗಿ ಕೂತವನಿಗೇ ಬಹುಮಾನ. ಗುಂಡುಗಳೂ ಲೆಕ್ಕದವು, ಒಳ್ಳೆಯ ಬಂದೂಕಿನ ಮದ್ದು ಮುಗಿಯದ ಹಾಗೆ ಕೈ ಹಿಡಿದು ಆಡಬೇಕು. ಜೊತೆಗೆ ಓದುವುದು ಜಾಸ್ತಿ: ಈ ಬರಹ ಶೇಕಡಾ ಇಷ್ಟು, ಆ ಬರಹ ಶೇಕಡಾ ಅಷ್ಟು. ಕೈ ಬಿಸಿಯೇರಿರುವ ಹೊತ್ತಲ್ಲಿ ನೆಲದ ಮೇಲೆ ಬಿದ್ದ ಬಂದೂಕಿನ ಮುಂದೆ ನಿಂತು ಸಣ್ಣಕ್ಷರ ಓದುತ್ತಾ ಇದ್ದರೆ ಆಟದ ಕಾವು ಆರಿಹೋಗುತ್ತೆ.

ರೋಬೋಕ್ವೆಸ್ಟ್ ಇದಕ್ಕೆ ನೇರ ಉತ್ತರ. ಫ್ರಾನ್ಸಿನ ರೈಸ್‌ಅಪ್ ಸ್ಟುಡಿಯೋಸ್ ಮಾಡಿದ್ದು. ಮನುಷ್ಯರು ಅಳಿದುಳಿದು ಮರುಭೂಮಿಯಲ್ಲಿ ಬದುಕುತ್ತಿರುವ ಕಾಲ, ಮ್ಯಾಕ್ಸ್ ಎಂಬ ಹುಡುಗಿಗೆ ಮರಳಲ್ಲಿ ಹೂತಿದ್ದ ಹಳೆಯ ಕಾವಲು ರೋಬೋ ಸಿಗುತ್ತೆ, ನಾವು ಆ ರೋಬೋ. ಕತೆ ಅಷ್ಟಕ್ಕೇ ಸಾಕು. ಇಲ್ಲಿ ಹೆಲ್ತ್ ಎಲ್ಲಿಂದ ಬರುತ್ತೆ ಅನ್ನುವುದರಲ್ಲೇ ಗೇಮ್‌ನ ಮಜಾ ಎಲ್ಲ ಇದೆ. ಕಂಬದ ಹಿಂದೆ ಅಡಗಿ ಕೂತರೆ ಏನೂ ತುಂಬಲ್ಲ. ನೀವು ಉರುಳಿಸಿದ ಬಾಟ್‌ಗಳು (ಎದುರಾಳಿ ರೋಬೋಗಳು) ಬೀಳಿಸುವ ಸೆಲ್‌ಗಳೇ ಹೆಲ್ತ್, ಅವುಗಳಿಂದಲೇ ಲೆವೆಲ್. ಎತ್ತಿಕೊಳ್ಳಬೇಕೆಂದರೆ ಬಾಟ್ ಬಿದ್ದ ಜಾಗಕ್ಕೇ ಹೋಗಬೇಕು, ಆ ಜಾಗ ಸಾಮಾನ್ಯವಾಗಿ ಇನ್ನೂ ನಾಲ್ಕು ಬಾಟ್‌ಗಳ ನಡುವೆ ಇರುತ್ತೆ.

ಇದು ಮನಸ್ಸಿನ ಮೇಲೆ ಏನು ಮಾಡುತ್ತೆ ನೋಡಿ. ಕ್ಯಾನಿಯನ್ಸ್ ಎಂಬ ಹಂತದ ಕೆಂಪು ಬಂಡೆಗಳ ನಡುವೆ ಒಂದು ಬಯಲಿಗೆ ಇಳಿದಿದ್ದೀನಿ, ಹೆಲ್ತ್ ಕಾಲು ಭಾಗ ಉಳಿದಿದೆ. ಬೇರೆ ಗೇಮ್ ಆಗಿದ್ದರೆ ಹಿಂದಕ್ಕೆ ಓಡುತ್ತಿದ್ದೆ. ಇಲ್ಲಿ ಕಣ್ಣು ಮೊದಲು ಹುಡುಕುವುದು ಹತ್ತಿರದ ರೈಲ್ ಅನ್ನು. ಗಾಳಿಯಲ್ಲಿ ಸುತ್ತು ಹೊಡೆದಿರುವ ಆ ಹಳಿಯ ಮೇಲೆ ಹಾರಿ ನಿಂತರೆ ರೋಬೋ ಜಾರುತ್ತಾ ಹೋಗುತ್ತೆ, ಜಾರುತ್ತಲೇ ಗುಂಡು ಹಾರಿಸಬಹುದು. ಮೇಲಿಂದ ಹಾರುವ ಬಾಟ್ ಒಂದನ್ನು ಕೆಡವಿ, ಹಳಿ ಬಿಟ್ಟು ಕೆಳಗಿನ ಗುಂಪಿನ ನಡುವೆ ಶಾಟ್‌ಗನ್ ಹಿಡಿದು ಇಳಿದು, ಬಿದ್ದ ಸೆಲ್ ಎತ್ತಿಕೊಳ್ಳುತ್ತಾ ಪಕ್ಕಕ್ಕೆ ಸರಿದು, ಇನ್ನೊಂದು ಬಂದೂಕಿಗೆ ಬದಲಿಸಿದರೆ ಮೊದಲನೆಯದನ್ನು ರೀಲೋಡ್ ಮಾಡಲು ನಿಲ್ಲಬೇಕಾಗಿಲ್ಲ. ಕೊನೆಯ ಬಾಟ್ ಬೀಳುವಾಗ ಹೆಲ್ತ್ ಮುಕ್ಕಾಲು. ಅಪಾಯದ ನಡುವೆ ನುಗ್ಗಿದ್ದಕ್ಕೇ ಬದುಕಿದೆ. ಗುಂಡು ಮುಗಿಯುವ ಭಯವೂ ಇಲ್ಲ, ರೀಲೋಡ್ ಒಂದೇ ಲೆಕ್ಕ. ಮದ್ದಿಗಾಗಿ ಮೂಲೆ ಮೂಲೆ ಹುಡುಕುವ ಕೆಲಸ ತೆಗೆದುಹಾಕಿರುವುದು ಈ ಗೇಮ್ ಮಾಡಿರುವ ಅತ್ಯಂತ ಒಳ್ಳೆಯ ನಿರ್ಧಾರಗಳಲ್ಲಿ ಒಂದು.

ಎರಡನೇ ಅಳತೆಗೂ ಇದು ನಿಲ್ಲುತ್ತೆ. ರೋಬೋದ ಕ್ಲಾಸ್‌ಗಳಲ್ಲಿ (ಬಗೆಗಳಲ್ಲಿ) ಎಂಜಿನಿಯರ್ ಆರಿಸಿದರೆ ಡ್ರೋನ್‌ಗಳು ನಮ್ಮ ಪರವಾಗಿ ಹೊಡೆಯುತ್ತವೆ, ಆಗ ನಾವು ಸುತ್ತು ಹಾಕುತ್ತಾ ಗುಂಪನ್ನು ಒಂದೆಡೆ ಸೇರಿಸುವ ಕೆಲಸ ಮಾಡುತ್ತೀವಿ. ರೀಕಾನ್ ಆರಿಸಿದರೆ ಮೈಮೇಲೆ ಬಿದ್ದು ಕತ್ತರಿಸುವ ಆಟ. ಎಲಿಮೆಂಟಲಿಸ್ಟ್‌ನದ್ದು ದೂರ ಕಾಯ್ದುಕೊಂಡು ಎಸೆಯುವ ಆಟ. ಅದೇ ಬಯಲು, ಅದೇ ಬಾಟ್‌ಗಳು, ಆದರೆ ನಾನು ಹಿಡಿಯುವ ದಾರಿಯೇ ಬೇರೆ. ಪರ್ಕ್‌ಗಳು ಚುಟುಕಾಗಿವೆ, ಓದಿ ಆರಿಸಿ ಮತ್ತೆ ಓಟಕ್ಕಿಳಿಯಲು ಕ್ಷಣ ಸಾಕು.

ಕೊರತೆ ಇಲ್ಲ ಅಂತಲ್ಲ. ಇಬ್ಬರಿಗಿಂತ ಹೆಚ್ಚು ಜನ ಸೇರಿ ಆಡಲಾಗದು, ಮೂರು ನಾಲ್ಕು ಗೆಳೆಯರ ಗುಂಪಿಗೆ ಗನ್‌ಫೈರೇ ಗತಿ. ಮೊದಲ ಹಂತಗಳನ್ನು ಮತ್ತೆ ಮತ್ತೆ ಹಾಯುವಾಗ ಇದೇ ಮೂಲೆ, ಇದೇ ಮೆಟ್ಟಿಲು ಅಂತ ಬೇಗ ಗುರುತು ಹತ್ತುತ್ತೆ. ಬಂದೂಕು, ಶಕ್ತಿಗಳನ್ನು ಜೋಡಿಸಿ ಕಟ್ಟುವ ಬಿಲ್ಡ್‌ಗಳ ಆಳದಲ್ಲಂತೂ ಗನ್‌ಫೈರ್ ಒಂದು ಕೈ ಮೇಲೆಯೇ.

ಬಿಪಿಎಂ ಬೇರೆಯದೇ ಲೋಕ. ನಾರ್ಸ್ ಪುರಾಣದ ವಾಲ್ಕಿರಿ ಆಗಿ ಆಸ್ಗಾರ್ಡ್‌ನಿಂದ ಕೆಳಕ್ಕಿಳಿಯುತ್ತಾ ಹೋಗುತ್ತೀರಿ. ಗುಂಡು, ರೀಲೋಡ್, ಡ್ಯಾಶ್, ಏನು ಮಾಡಿದರೂ ಹಿನ್ನೆಲೆಯ ರಾಕ್ ಸಂಗೀತದ ತಾಳಕ್ಕೇ ಮಾಡಬೇಕು, ತಾಳ ತಪ್ಪಿ ಒತ್ತಿದರೆ ಗುಂಡು ಹಾರಲ್ಲ. ಎದುರಾಳಿಗಳೂ ಅದೇ ತಾಳಕ್ಕೆ ದಾಳಿ ಮಾಡುತ್ತಾರೆ. ಪ್ರತಿ ಬಂದೂಕಿನ ರೀಲೋಡ್‌ಗೂ ತನ್ನದೇ ಪೆಟ್ಟುಗಳ ಲೆಕ್ಕ ಇರುವುದರಿಂದ ಹೊಸ ಬಂದೂಕು ಎತ್ತಿಕೊಂಡಾಗ ಬೆರಳುಗಳು ಹೊಸ ತಾಳ ಕಲಿಯಬೇಕು. ನಾನು ಹೇಳಿದ ಎರಡನೇ ಅಳತೆಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ಇನ್ನೊಂದಿಲ್ಲ: ಬಂದೂಕು ಬದಲಾದರೆ ಬರೀ ಡ್ಯಾಮೇಜ್ ಅಲ್ಲ, ಕೈಯ ಲಯವೇ ಬದಲಾಗುತ್ತೆ. ಹಿಡಿತ ಸಿಕ್ಕ ಮೇಲೆ, ಜಾತ್ರೆಯಲ್ಲಿ ತಮಟೆ ಸದ್ದಿಗೆ ಕಾಲು ತಾನಾಗಿ ಹೆಜ್ಜೆ ಹಾಕುವ ಹಾಗೆ, ಬೆರಳು ಯೋಚನೆಗಿಂತ ಮೊದಲೇ ಒತ್ತಿರುತ್ತೆ. ಆ ಹತ್ತು ನಿಮಿಷದ ಸುಖ ಬೇರೆ ಯಾವ ಶೂಟರ್‌ನಲ್ಲೂ ನನಗೆ ಸಿಕ್ಕಿಲ್ಲ.

ಆದರೆ ಅದು ಹತ್ತು ನಿಮಿಷದ್ದೇ. ತಾಳ ಎಲ್ಲರಿಗೂ ಒಂದೇ ಆದ್ದರಿಂದ ರನ್‌ಗಳ ನಡುವಿನ ವ್ಯತ್ಯಾಸ ಬೇಗ ಕರಗುತ್ತೆ. ಕೋ-ಆಪ್ ಇಲ್ಲ. ಬಣ್ಣಗಳ ಬಗ್ಗೆಯೂ ದೂರಿದೆ: ಪರದೆಯೆಲ್ಲ ಒಂದೇ ಕೆಂಪು, ಕಿತ್ತಳೆಯಲ್ಲಿ ಅದ್ದಿ ತೆಗೆದಂತಿದ್ದು, ಕೆಲವು ಹಂತಗಳಲ್ಲಿ ಎದುರಿಂದ ಬರುವ ಬೆಂಕಿಯುಂಡೆ ಗೋಡೆಯ ಬಣ್ಣದಲ್ಲೇ ಕಳೆದುಹೋಗುತ್ತೆ. ಇಷ್ಟು ವೇಗದ ಗೇಮ್‌ನಲ್ಲಿ ಏಟು ಎಲ್ಲಿಂದ ಬಿತ್ತು ಅಂತ ಗೊತ್ತಾಗಲೇಬೇಕು. ಗೊತ್ತಾದರೆ ಸತ್ತವನು "ಇನ್ನೊಂದು ರನ್" ಅಂತಾನೆ, ಗೊತ್ತಾಗದಿದ್ದರೆ ಗೇಮ್ ಮುಚ್ಚಿ ಎದ್ದು ಹೋಗುತ್ತಾನೆ. ಈ ವಿಷಯದಲ್ಲಿ ರೋಬೋಕ್ವೆಸ್ಟ್‌ನ ಕಾಮಿಕ್ಸ್ ಥರದ ದಪ್ಪ ಗೆರೆಗಳು, ಗಾಢ ಬಣ್ಣಗಳು ಬರೀ ಅಲಂಕಾರ ಅಲ್ಲ. ದೂರದ ಬಾಟ್ ಕೂಡ ಹಿನ್ನೆಲೆಯಿಂದ ಕಿತ್ತಿಟ್ಟಂತೆ ಕಾಣುತ್ತೆ.

ಪೋಲೆಂಡಿನ ಗ್ರೂಬಿ ಎಂಟರ್‌ಟೈನ್‌ಮೆಂಟ್ 2023ರಲ್ಲಿ ಪೂರ್ತಿಗೊಳಿಸಿದ ಡೆಡ್‌ಲಿಂಕ್ ಹೆಸರನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯ. ಸುತ್ತಲಿನ ವಸ್ತುಗಳಿಗೆ ಗುಂಡು ಹೊಡೆದು ಅವನ್ನೇ ಆಯುಧ ಮಾಡಿಕೊಳ್ಳುವ ಅದರ ಅಖಾಡಗಳು ತುಂಬಾ ಚೆನ್ನಾಗಿವೆ. ಬಂದೂಕಿನ ತೂಕವಂತೂ ಮೂರಕ್ಕಿಂತಲೂ ಮೇಲು. ಆದರೆ ಪ್ರತಿ ರೂಮೂ ಮುಚ್ಚಿದ ಅಖಾಡವೇ ಆಗಿ, ಒಂದು ಪ್ರಯಾಣ ಮಾಡುತ್ತಿದ್ದೀನಿ ಅನ್ನುವ ಭಾವ ನನಗೆ ಹುಟ್ಟಲಿಲ್ಲ.

ಸತ್ತ ಮೇಲೆ ಏನು ಉಳಿಯುತ್ತೆ ಅನ್ನುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಗನ್‌ಫೈರ್‌ನಲ್ಲಿ ಸೋಲ್ ಎಸೆನ್ಸ್ ಕೊಟ್ಟು ಟ್ಯಾಲೆಂಟ್‌ಗಳನ್ನು ಕೊಳ್ಳಬೇಕು, ಅದರಲ್ಲಿ ಬಹಳಷ್ಟು ಸಣ್ಣ ಸಣ್ಣ ಅಂಕಿಗಳ ಏರಿಕೆ. ಮೊದಮೊದಲು ಸೋತಾಗ ನನ್ನ ಕೈ ಸೋತಿತೋ, ಖಾತೆ ಖಾಲಿ ಇದ್ದದ್ದಕ್ಕೆ ಸೋತೆನೋ ಗೊತ್ತಾಗಲ್ಲ. ರೋಬೋಕ್ವೆಸ್ಟ್‌ನಲ್ಲಿ ತಂದ ರೆಂಚ್‌ಗಳಿಂದ ಬೇಸ್‌ಕ್ಯಾಂಪ್ ಕಟ್ಟುತ್ತೀರಿ. ಅಲ್ಲೂ ಅಂಕಿಗಳಿವೆ, ಆದರೆ ಹೊಸ ಕ್ಲಾಸ್, ಹೊಸ ಬಂದೂಕು, ಹೊಸ ದಾರಿಗಳು ತೆರೆದುಕೊಳ್ಳುವುದೇ ಮನಸ್ಸಿನಲ್ಲಿ ಉಳಿಯುತ್ತೆ. ಬಿಪಿಎಂನಲ್ಲಿ ಬಹುತೇಕ ಎಲ್ಲವೂ ಕೈಚಳಕದ ಮೇಲೆ. ಸೋಲು ಪೂರ್ತಿ ನನ್ನದು, ಗೆಲುವೂ ಪೂರ್ತಿ ನನ್ನದು. ಆ ಪ್ರಾಮಾಣಿಕತೆ ನನಗೆ ಹಿಡಿಸುತ್ತೆ, ಆದರೆ ದಿನವಿಡೀ ದುಡಿದು ಬಂದವರಿಗೆ ಪ್ರತಿ ರಾತ್ರಿ ಬರಿಗೈಯಲ್ಲಿ ಏಳುವುದು ಕಷ್ಟ. ರೋಬೋಕ್ವೆಸ್ಟ್‌ನ ನಡುದಾರಿಯೇ ಹದವಾಗಿದೆ.

ಹಾಗಾಗಿ ಒಂದೇ ಕೊಳ್ಳುವುದಾದರೆ ರೋಬೋಕ್ವೆಸ್ಟ್ ಕೊಳ್ಳಿ ಅಂತ ಎರಡು ಮಾತಿಲ್ಲದೆ ಹೇಳುತ್ತೀನಿ. ವಾರಾಂತ್ಯಕ್ಕೆ ಮೂರು ನಾಲ್ಕು ಜನ ಆನ್‌ಲೈನ್ ಸೇರುವ ಗುಂಪು ನಿಮಗಿದ್ದರೆ ಗನ್‌ಫೈರ್. ಅದು ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ಓಡುವುದರಿಂದ ಗುಂಪಿನಲ್ಲಿ ಯಾರೂ ಹೊರಗುಳಿಯಲ್ಲ. ಬಿಪಿಎಂ ಅನ್ನು ಸೇಲ್ ಬಂದಾಗ ತಗೊಳ್ಳಿ, ಸ್ವಲ್ಪ ಸ್ವಲ್ಪವೇ ಆಡಿ.

ಯಾವುದೇ ಆಡಿದರೂ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಫೀಲ್ಡ್ ಆಫ್ ವ್ಯೂ (ಪರದೆಯಲ್ಲಿ ಕಾಣುವ ನೋಟದ ಅಗಲ) ಅನ್ನು ನೂರು ಡಿಗ್ರಿಯ ಆಸುಪಾಸಿಗೆ ಏರಿಸಿ, ಪಕ್ಕದಿಂದ ಬರುವವರು ಆಗ ಕಾಣುತ್ತಾರೆ. ಕ್ಯಾಮೆರಾ ಕುಲುಕಾಟ ಕಡಿಮೆ ಮಾಡಿ. ಟಚ್‌ಪ್ಯಾಡ್ ಮರೆತುಬಿಡಿ, ಅಗ್ಗದ್ದಾದರೂ ಸರಿ, ಒಂದು ಮೌಸ್ ಬೇಕೇ ಬೇಕು. ಬಿಪಿಎಂಗೆ ಮಾತ್ರ ಬ್ಲೂಟೂತ್ ಇಯರ್‌ಫೋನ್ ಹಾಕಬೇಡಿ. ಸದ್ದು ಕಿವಿಗೆ ತಲುಪುವುದು ತುಸು ತಡವಾಗಿ, ನೀವು ತಾಳಕ್ಕೆ ಸರಿಯಾಗಿ ಒತ್ತಿದರೂ ಗೇಮ್ ಲೆಕ್ಕದಲ್ಲಿ ಅದು ತಪ್ಪಾಗುತ್ತೆ. ವೈರ್ ಇರುವ ಸಾದಾ ಇಯರ್‌ಫೋನ್ ಚುಚ್ಚಿ ಕೂತುಕೊಳ್ಳಿ.