ಗಾಯದ ನಾಯಿಯ ಫೋಟೊ, ಯಾರದೋ ಕ್ಯೂಆರ್ ಕೋಡ್: ಬೆಳಗಾವಿಯಲ್ಲಿ ದಾನ ಕೊಡುವ ಮುಂಚೆ

ಕಾಕತಿ ಹತ್ತಿರ ಹೈವೇ ಮೇಲೆ ಲಾರಿ ಬಡಿದು ನಾಯಿಯ ತೊಡೆಯೆಲುಬು ಮುರಿದಿದೆ, ರಾತ್ರಿ ಹತ್ತರೊಳಗೆ ಎಲುಬು ಕೂಡಿಸುವ ಲೋಹದ ಪ್ಲೇಟ್ ಹಾಕದಿದ್ದರೆ ಉಳಿಯುವುದಿಲ್ಲ, ಅರವತ್ತು ಸಾವಿರ ಬೇಕು. ಇಂಥದೊಂದು ಮನವಿ ಬೆಳಗಾವಿಯ ವಾಟ್ಸ್ಯಾಪ್ ಗುಂಪುಗಳಲ್ಲಿ ತಿರುಗಿತು. ಟಿಳಕವಾಡಿ, ಶಹಾಪುರ, ಕ್ಯಾಂಪ್ ಕಡೆಯ ಮಂದಿ ನೂರು, ಇನ್ನೂರು, ಐನೂರು ಅಂತ ಹಾಕಿದರು. ಮರುದಿನ ಬೆಳಿಗ್ಗೆ 'ಆಪರೇಷನ್ ಆಯ್ತು, ಎಲ್ಲರಿಗೂ ಧನ್ಯವಾದ' ಅಂತ ಸಂದೇಶ. ಆಸ್ಪತ್ರೆ ಯಾವುದು ಅಂತ ಕೇಳಿದವರನ್ನು ಗುಂಪಿನಿಂದ ತೆಗೆದರು. ಸಂಸ್ಥೆಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಹೆಸರು ಬದಲಾಗುತ್ತದೆ, ಪದ್ಧತಿ ಬದಲಾಗುವುದಿಲ್ಲ.

ಮನವಿಯ ಜೊತೆ ಎಕ್ಸ್‌ರೇ ಇತ್ತು. ಫೋಟೊದಲ್ಲಿದ್ದದ್ದು ಮೂತಿ ನರೆತ ನಾಯಿ. ಎಕ್ಸ್‌ರೇಯಲ್ಲಿ ಮಾತ್ರ ಮೊಣಕಾಲಿನ ಬಳಿ, ಎಲುಬಿನ ತುದಿಯ ಹತ್ತಿರ, ಒಂದು ಕಪ್ಪು ಗೆರೆ. ಅದು ಎಲುಬು ಇನ್ನೂ ಬೆಳೆಯುತ್ತಿರುವ ಜಾಗ. ನಾಯಿಗೆ ಸುಮಾರು ಒಂದು ವರ್ಷ ತುಂಬುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಅಂದರೆ ಎಕ್ಸ್‌ರೇ ಯಾವುದೋ ಮರಿಯದು. ಈ ಗೆರೆ ಎಲ್ಲರ ಕಣ್ಣಿಗೆ ಬೀಳಲಾರದು, ಸರಿ. ಆದರೆ ಉಳಿದದ್ದು ಬೀಳಬೇಕಿತ್ತು: ತಾರೀಖಿಲ್ಲ, ಕ್ಲಿನಿಕ್ಕಿನ ಹೆಸರಿಲ್ಲ, ಎಡ-ಬಲ ತಿಳಿಸುವ 'ಎಲ್' ಅಥವಾ 'ಆರ್' ಗುರುತಿಲ್ಲ, ಒಂದೇ ಮಗ್ಗುಲಿನಿಂದ ತೆಗೆದ ಒಂದೇ ಚಿತ್ರ. ಪ್ಲೇಟ್ ಹಾಕುವ ಡಾಕ್ಟರಿಗೆ ಕನಿಷ್ಠ ಎರಡು ಕಡೆಯಿಂದ ತೆಗೆದ ಚಿತ್ರ ಬೇಕು.

ಆ ಹತ್ತು ಗಂಟೆಯ ಗಡುವೂ ಸುಳ್ಳೇ. ಅಪಘಾತವಾದ ಮೊದಲ ತಾಸುಗಳಲ್ಲಿ ನಾಯಿಯ ಜೀವ ತೆಗೆಯುವುದು ಒಳರಕ್ತಸ್ರಾವ, ಎದೆಗೆ ಬಿದ್ದ ಪೆಟ್ಟು, ಒಡೆದ ಮೂತ್ರಕೋಶ. ಮೊದಲು ಸಲಾಯಿನ್, ನೋವಿನ ಮದ್ದು, ಎದೆಯ ಎಕ್ಸ್‌ರೇ. ಸಾಮಾನ್ಯವಾಗಿ ಒಂದೆರಡು ದಿನ ನೋಡಿ, ನಾಯಿ ಸುಧಾರಿಸಿದ ಮೇಲೆ ಎಲುಬಿನ ಕೆಲಸ. ಎಲುಬು ಚರ್ಮ ಸೀಳಿ ಹೊರಬಂದಿದ್ದರೆ ಗಾಯ ತೊಳೆಯುವ ಅವಸರ ಇರುತ್ತದೆ, ಪ್ಲೇಟಿನ ಅವಸರವಲ್ಲ. ಗಡುವು ಹಾಕುವುದು ನೀವು ಫೋನ್ ಮಾಡಿ ವಿಚಾರಿಸಬಾರದೆಂದು.

ಕ್ಯೂಆರ್ ಸ್ಕ್ಯಾನ್ ಮಾಡಿದಾಗ ರೊಕ್ಕ ಹೋಗುವ ಮುಂಚೆ ಖಾತೆದಾರರ ಹೆಸರು ಪರದೆಯ ಮೇಲೆ ಬರುತ್ತದೆ. ಪೋಸ್ಟರಿನಲ್ಲಿ ಟ್ರಸ್ಟಿನ ಹೆಸರು, ಪರದೆಯಲ್ಲಿ ಒಬ್ಬ ವ್ಯಕ್ತಿಯ ಹೆಸರು ಇದ್ದರೆ ನಿಲ್ಲಿಸಿ. ಅಷ್ಟಕ್ಕೇ ಅದು ಮೋಸ ಅನ್ನಲಾಗದು. ಬೀದಿ ನಾಯಿಗೆ ದಿನಾ ಅನ್ನ ಹಾಕುವ ಪ್ರಾಮಾಣಿಕರಲ್ಲಿ ಎಷ್ಟೋ ಮಂದಿಗೆ ಟ್ರಸ್ಟೂ ಇಲ್ಲ, ಬೇರೆ ಖಾತೆಯೂ ಇಲ್ಲ. ಅಂಥವರಿಗೆ ಒಂದೇ ಮಾತು ಹೇಳಿ: 'ಕ್ಲಿನಿಕ್ ಯಾವುದು ಹೇಳ್ರಿ, ಬಿಲ್ಲು ಕೌಂಟರಿಗೇ ಕಟ್ತೀವಿ.' ಪ್ರಾಮಾಣಿಕರಿಗೆ ಇದರಿಂದ ಹಗುರವೇ ಆಗುತ್ತದೆ. ಡಾಕ್ಟರ ಚೀಟಿಯ ಮೇಲೆ ಪಶುವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯಾ ನೋಡಿ. ಆರರಿಂದ ಎಂಟು ವಾರಕ್ಕೆ ಎಲುಬು ಕೂಡಿದೆಯಾ ಅಂತ ಮತ್ತೊಂದು ಎಕ್ಸ್‌ರೇ ತೆಗೆಯುತ್ತಾರೆ, ಅದನ್ನೂ ಕೇಳಿ. ಫೋಟೊ ಮೊದಲು ಬೇರೆಲ್ಲಾದರೂ ಬಂದಿತ್ತಾ ಅಂತ ಗೂಗಲ್ ಲೆನ್ಸಿಗೆ ಹಾಕಿ ನೋಡಲು ಅರ್ಧ ನಿಮಿಷ ಸಾಕು. ಕಾಕತಿಯ ಆ ನಾಯಿ ಮೊದಲೇ ಮರಾಠಿ ಗುಂಪುಗಳಲ್ಲಿ ಸಾಂಗ್ಲಿಯ ನಾಯಿಯಾಗಿ ತಿರುಗಿತ್ತು.

ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿದಿಲ್ಲ. ನೋಡಲು ಭೀಕರವಾಗಿರುವ ಕಾಯಿಲೆಗಳೇ ಖರ್ಚಿನ ಕಾಯಿಲೆಗಳಲ್ಲ. ಮೈಯೆಲ್ಲ ಕೂದಲು ಉದುರಿದ ಕಜ್ಜಿ ನಾಯಿ ಕಡಿಮೆ ಖರ್ಚಿನ ಔಷಧದಲ್ಲೇ ಕೆಲವು ವಾರಗಳಲ್ಲಿ ಗುರುತು ಸಿಗದಷ್ಟು ಚೆನ್ನಾಗುತ್ತದೆ. ಅದಕ್ಕೇ ಮೊದಲು-ಆಮೇಲೆ ಫೋಟೊಗಳಲ್ಲಿ ಅದೇ ಹೆಚ್ಚು. ಮರ್ಮಾಂಗದಲ್ಲಿ ರಕ್ತ ಸೋರುವ ಗಡ್ಡೆ, ಅಂದರೆ ಟಿವಿಟಿ ಎಂಬ ಕ್ಯಾನ್ಸರ್, ಇದ್ದರೆ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧದ ಇಂಜೆಕ್ಷನ್ ವಾರಕ್ಕೊಂದರಂತೆ ನಾಲ್ಕರಿಂದ ಆರು ಸಾಮಾನ್ಯವಾಗಿ ಸಾಕು. ಕೆಜಿಗೆ 0.025 ಮಿಲಿಗ್ರಾಂ ಲೆಕ್ಕ. 15 ಕೆಜಿ ನಾಯಿಗೆ ಒಂದು ಮಿಲಿಗ್ರಾಂ ಬಾಟಲಿಯ ಅರ್ಧವೂ ಬೇಕಾಗುವುದಿಲ್ಲ. ಜೊತೆಗೆ ರಕ್ತ ಪರೀಕ್ಷೆಯ ಖರ್ಚು ಇರುತ್ತದೆ, ಅಷ್ಟೇ. 'ಕ್ಯಾನ್ಸರ್ ಆಪರೇಷನ್' ಅಂತ ಲಕ್ಷ ಕೇಳಿದರೆ ಯಾವ ಗಡ್ಡೆ ಅಂತ ಕೇಳಿ. ನಿಜವಾಗಿ ರೊಕ್ಕ ನುಂಗುವುದು ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ, ಸೊಂಟ ಬಿದ್ದ ನಾಯಿಯ ತಿಂಗಳುಗಟ್ಟಲೆ ಆರೈಕೆ, ಸಂತಾನಹರಣ, ದಿನದ ಊಟ. ಇವುಗಳ ಫೋಟೊಗೆ ಯಾರೂ ಮರುಗುವುದಿಲ್ಲ.

ತಿಂಗಳಿಗಿಷ್ಟು ಅಂತ ಒಂದು ಶೆಲ್ಟರಿಗೆ ಕೊಡುವವರು ಒಮ್ಮೆ ಹೋಗಿ ನೋಡಿ, ಹೇಳದೆ ಹೋದರೆ ಇನ್ನೂ ಒಳ್ಳೆಯದು. ಮೊದಲು ಫ್ರಿಜ್. ರೇಬೀಸ್ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಒಳಗೆ ಥರ್ಮಾಮೀಟರ್ ಇದೆಯಾ, ಕರೆಂಟ್ ಹೋದಾಗ ಏನು ಮಾಡುತ್ತಾರೆ ಕೇಳಿ. ಆಮೇಲೆ ಹೊಸದಾಗಿ ತಂದ ಮರಿಗಳು ಎಲ್ಲಿವೆ ನೋಡಿ. ಎರಡು ವಾರ ಪ್ರತ್ಯೇಕ ಇಡದೆ ನೇರ ಗುಂಪಿಗೆ ಬಿಡುವಲ್ಲಿ ಪಾರ್ವೊ ಎಂಬ ವಾಂತಿ-ಭೇದಿಯ ವೈರಸ್ ತಗುಲಿದ ಒಂದು ಮರಿ ಸಾಕು, ಉಳಿದ ಮರಿಗಳೂ ಹೋಗುತ್ತವೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಫಿನಾಯಿಲ್ ಸುರಿದರೆ ಸಾಯುವುದಿಲ್ಲ, ಬ್ಲೀಚ್ ಬೇಕು. 'ಎಷ್ಟು ನಾಯಿ ಬಂದರೂ ಬೇಡ ಅನ್ನುವುದಿಲ್ಲ' ಅನ್ನುವುದು ಹೊಗಳಿಕೆಯ ಮಾತಲ್ಲ.

ಲೆಕ್ಕ ಹೊಂದುತ್ತದೆಯಾ ನೋಡುವುದೂ ಸುಲಭ. ಬೀದಿ ನಾಯಿಗೆ ದಿನಕ್ಕೆ 200ರಿಂದ 250 ಗ್ರಾಂ ಒಣ ಆಹಾರ ಹಿಡಿಯಿರಿ. 80 ನಾಯಿಗೆ ತಿಂಗಳಿಗೆ 480ರಿಂದ 600 ಕೆಜಿ. ಅಕ್ಕಿ, ಕೋಳಿಯ ಕಾಲು-ಕತ್ತು ಬೇಯಿಸಿ ಹಾಕಿದರೆ ತೂಕ ಬೇರೆ, ಆದರೆ ಕಿರಾಣಿ ಮತ್ತು ಚಿಕನ್ ಅಂಗಡಿಯ ಬಿಲ್ಲು ಇರಲೇಬೇಕು. ಕೊನೆಗೆ, ಹೋದ ತಿಂಗಳು ಎಷ್ಟು ನಾಯಿ ಸತ್ತವು ಅಂತ ಕೇಳಿ. ಗಾಯಗೊಂಡ ನಾಯಿಗಳನ್ನೇ ತರುವ ಕಡೆ ಸಾವು ಇದ್ದೇ ಇರುತ್ತದೆ. ರಿಜಿಸ್ಟರ್ ತೆರೆದು ಸಂಖ್ಯೆ ಹೇಳುವವರಿಗೆ ಕೊಡಿ. 'ನಮ್ಮಲ್ಲಿ ಒಂದೂ ಸಾಯುವುದಿಲ್ಲ' ಅನ್ನುವವರಿಗೆ ಬೇಡ.

ಕಾಗದಪತ್ರದ ಮಾತು ಚಿಕ್ಕದು. ಎನ್‌ಜಿಒಗಳಿಗೆ ಸರ್ಕಾರಿ ಜಾಲತಾಣ ಕೊಡುವ ದರ್ಪಣ ನಂಬರ್ ಇದ್ದರೆ ಸಂಸ್ಥೆಯ ಹೆಸರು ದಾಖಲಾಗಿದೆ ಅಂತ ಮಾತ್ರ ಅರ್ಥ, ಕೆಲಸ ಚೆನ್ನಾಗಿದೆ ಅಂತಲ್ಲ. ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿಯನ್ನು ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲೇ ನೋಡಿ, ಪೋಸ್ಟರಿನಲ್ಲಿ ಅಲ್ಲ. ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೇಗೂ ಇಲ್ಲ. ಸಂತಾನಹರಣಕ್ಕೆ ರೊಕ್ಕ ಕೇಳುವ ಸಂಸ್ಥೆಗೆ 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು. ಇಂಥ ಸಾರ್ವಜನಿಕ ಜಾಗಗಳ ನಾಯಿಗಳನ್ನು ಶೆಲ್ಟರಿಗೆ ಸಾಗಿಸಬೇಕೆಂದ 2025ರ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶ ತೋರಿಸಿ 'ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದ ನಾಯಿಗಳಿಗೆ ಶೆಲ್ಟರ್ ಕಟ್ಟುತ್ತಿದ್ದೇವೆ' ಎಂದು ರಸೀದಿ ಪುಸ್ತಕ ಹಿಡಿದು ಬಂದರೆ, ಪಾಲಿಕೆಯ ಜೊತೆಗಿನ ಒಪ್ಪಂದದ ಪತ್ರ ಕೇಳಿ. ಆ ನಾಯಿಗಳನ್ನು ಹಿಡಿಯುವ ಹೊಣೆ ಸ್ಥಳೀಯ ಸಂಸ್ಥೆಗಳದು.

ಬಾಗಲಕೋಟೆ ಕಡೆಯವರು ಮುಧೋಳ ಮರಿಗಳ ವಿಷಯದಲ್ಲಿ ಹುಷಾರಾಗಿರಬೇಕು. 'ರಕ್ಷಿಸಿದ ಮುಧೋಳ ಮರಿ, ದತ್ತು ಶುಲ್ಕ ಇಷ್ಟು' ಅಂತ ಒಂದೇ ವಯಸ್ಸಿನ ನಾಲ್ಕೈದು ಮರಿ ಮೇಲಿಂದ ಮೇಲೆ ಬರುತ್ತಿದ್ದರೆ ಅದು ರಕ್ಷಣೆಯಲ್ಲ, ಸಾಕಣೆ. ಮರಿ ಮಾಡಿಸಿ ಮಾರುವ ಬ್ರೀಡರ್, ನಾಯಿ ಸಾಕಣೆ-ಮಾರಾಟದ 2017ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ. 'ದತ್ತು' ಅಂದುಬಿಟ್ಟರೆ ಇವೆರಡರಿಂದಲೂ ನುಣುಚಿಕೊಳ್ಳಬಹುದು ಅನ್ನುವುದು ಇವರ ಲೆಕ್ಕ.

ರೊಕ್ಕ ಈಗಾಗಲೇ ಹೋಗಿದ್ದರೆ ಗುಂಪಿನಲ್ಲಿ ಜಗಳ ಆಡುತ್ತ ಕೂರಬೇಡಿ. ಅಷ್ಟರಲ್ಲಿ ಅವರು ತಮ್ಮ ಸಂದೇಶಗಳನ್ನು ಅಳಿಸಿಬಿಡಬಹುದು. ಮೊದಲು ಮನವಿಯ ಪೋಸ್ಟರ್, ಕಳಿಸಿದವರ ನಂಬರ್, ರೊಕ್ಕ ಹೋದದ್ದಕ್ಕೆ ಗುರುತಾದ 12 ಅಂಕಿಯ ಯುಟಿಆರ್ ಸಂಖ್ಯೆ ಇರುವ ಪುಟ, ಇವುಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. ನೂರು ರೂಪಾಯಿಗೆ ಯಾಕೆ ಅಂತ ಬಿಡಬೇಡಿ: ಒಂದೇ ಖಾತೆಯ ಮೇಲೆ ಹಲವು ಸಣ್ಣ ದೂರು ಬಿದ್ದರೆ ಅದನ್ನು ತಡೆಹಿಡಿಯಲು ಪೊಲೀಸರಿಗೆ ಆಧಾರ ಸಿಗುತ್ತದೆ.